ನಕಲಪ್ಪ ಮತ್ತು ಹದಿನಾಲ್ಕನೇ ಕೋಣೆ

ಆ ಹೆಸರು ಇಟ್ಟವಳು ನಾನೇ, ಸುಳ್ಳೇಕೆ ಹೇಳಲಿ. ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮನುಷ್ಯ ಅವನು. ವಯಸ್ಸು ನಲವತ್ತೆರಡು, ಮದುವೆಯಾಗಿಲ್ಲ, ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಎರಡರಲ್ಲೂ ಒಂದೇ ನೀಲಿ ಶಾಯಿ. ಯಾಕ್ರೀ ಎರಡು ಅಂದರೆ, "ಒಂದು ಕೈಕೊಟ್ರೆ ಏನ್ಮಾಡ್ಲಿ ಸಿಸ್ಟರ್?" ಎನ್ನುತ್ತಿದ್ದ. ಅವನ ಮನೆಯ ಬೀಗಕ್ಕೆ ಮೂರು ಕೀಲಿಕೈ. ಮೂರನೆಯದು ನನ್ನ ಮೇಜಿನ ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು. ಯಾವ ಕೆಲಸಕ್ಕೆ ಕೈಹಾಕುವ ಮುಂಚೆಯೂ ಅದರದೊಂದು ನಕಲು ತೆಗೆದಿಟ್ಟುಕೊಳ್ಳದಿದ್ದರೆ ಅವನಿಗೆ ಸಮಾಧಾನವಿಲ್ಲ. ಹಾಗಾಗಿ ಎದುರಿಗೆ "ಏನ್ರೀ", ಬೆನ್ನ ಹಿಂದೆ ನಕಲಪ್ಪ.

ನಾನು ಎರಡನೇ ಮಹಡಿಯ ಹಿರಿಯ ನರ್ಸು. ಇಪ್ಪತ್ತಾರು ವರ್ಷದ ಸರ್ವೀಸು. ನನ್ನ ಬಾಯಿ ಜೋರು ಅಂತ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿ ಜೋರಿಲ್ಲದೆ ಒಂದು ದಿನ ಈ ಮಹಡಿ ನಡೆಸಿ ತೋರಿಸಲಿ ನೋಡೋಣ.

ನಕಲಪ್ಪನ ರಾಜ್ಯ ಇದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೊದಲು ಅಲ್ಲಿ ಹೊದಿಕೆಗಳನ್ನು ಇಡುತ್ತಿದ್ದೆವು. ಈಗಲೂ ಸೋಪಿನ ವಾಸನೆ ಹೋಗಿಲ್ಲ. ಅಲ್ಲಿ ಒಂದು ದೊಡ್ಡ ಕಪ್ಪು ಯಂತ್ರ ಸದಾ ಗುಂಯ್ ಎನ್ನುತ್ತಿರುತ್ತದೆ. ಒಮ್ಮೆ ಅವನು ಅದರ ನೆತ್ತಿ ತಟ್ಟಿ, "ಇದು ಒಂದೇ ಕಂಪ್ಯೂಟರ್ ಅಲ್ಲ ಸಿಸ್ಟರ್, ಇದರೊಳಗೆ ಇನ್ನೂ ಐದಿವೆ" ಎಂದ.

"ಎಲ್ಲಿ? ನಂಗೇನು ಕಣ್ಣು ಕಾಣಲ್ವಾ?"

"ಕಣ್ಣಿಗೆ ಕಾಣಲ್ಲ. ವರ್ಚುವಲ್ ಮಷೀನ್ ಅಂತಾರೆ. ಒಂದು ಮನೆ, ಐದು ಜನ ಬಾಡಿಗೆಗಿದ್ದಾರೆ ಅಂದ್ಕೊಳ್ಳಿ. ಪ್ರತಿಯೊಬ್ಬನೂ ಇಡೀ ಮನೆ ತನ್ನದೇ ಅಂದ್ಕೊಂಡಿದಾನೆ. ಬೀದಿ ಬಾಗಿಲು ಮಾತ್ರ ಒಂದೇ. ಹೊರಗಿಂದ ಬಂದ ಕಾಗದಾನ ವಿಳಾಸ ನೋಡಿ ಅವರವರಿಗೆ ಕೊಡೋ ಹಾಗೆ ನಾನು ಏರ್ಪಾಡು ಮಾಡಿಟ್ಟಿರ್ತೀನಿ."

ಆ ಐದರಲ್ಲಿ ಒಂದು ನಮ್ಮ ಕರೆಗಂಟೆಯ ಮಷೀನು. ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಆ ಗುಂಡಿಯ ಸಂಖ್ಯೆ ಕೆಳಗೆ ಹೋಗುತ್ತದೆ. ಮಷೀನು ತನ್ನ ಪಟ್ಟಿ ನೋಡಿ ಅದು ಯಾವ ಕೋಣೆಯದು ಎಂದು ಹುಡುಕಿ, ನನ್ನ ಮೇಜಿನೆದುರಿನ ಬೋರ್ಡಿನಲ್ಲಿ ಕೆಂಪು ಅಂಕಿ ಹೊತ್ತಿಸಿ ಗಂಟೆ ಬಾರಿಸುತ್ತದೆ. ಕೆಂಪು ಕಂಡರೆ ಓಡುವುದು ನಮ್ಮ ಕೆಲಸ. ಇಷ್ಟು ತಿಳಿದಿದ್ದರೆ ನನಗೆ ಸಾಕಾಗಿತ್ತು.

ಅವನ ಅಕ್ಕನ ವಿಷಯ ಹೇಳದೆ ಅವನ ವಿಷಯ ಹೇಳಲಾಗುವುದಿಲ್ಲ. ತಾಯಿ ಹೋದಾಗ ಅವನಿಗೆ ಆರು, ಅಕ್ಕನಿಗೆ ಹದಿನೇಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಅವನನ್ನು ಓದಿಸಿದವಳು ಅವಳು. ಎರಡು ಕೋಣೆಯ ಮನೆ. ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಇವನ ವೈರುಗಳು. ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಅಂತ ಅವನು ಹೆಮ್ಮೆಪಡುತ್ತಿದ್ದ. ಒಂದು ಬೆಳಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಬಲಗೈ, ಬಲಗಾಲು, ಮುಕ್ಕಾಲು ಪಾಲು ಮಾತು, ಎಲ್ಲ ಒಂದೇ ಸಲಕ್ಕೆ ಹೋಯಿತು.

ಒಂಬತ್ತನೇ ಕೋಣೆಗೆ ಸೇರಿಸಿಕೊಂಡೆವು. ದೊಡ್ಡ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರು: "ಆರು ವಾರ. ಅಷ್ಟರಲ್ಲಿ ಅವರು ಮನಸ್ಸು ಮಾಡಿ ಕೈ ಆಡಿಸಿದ್ರೆ ಕೈ ಬರುತ್ತೆ. ಮನಸ್ಸು ಬಿಟ್ರೆ, ಕೈಯೊಂದೇ ಅಲ್ಲ, ಅವರೂ ಉಳಿಯಲ್ಲ." ಅವನು ತಲೆಯಾಡಿಸಿದ. ಎಡಗೈಗೆ ಸಿಗುವ ಹಾಗೆ ಗುಂಡಿಯ ವೈರನ್ನು ದಿಂಬಿಗೆ ಕಟ್ಟಿ, "ಅಕ್ಕಾ, ಏನು ಬೇಕಾದ್ರೂ ಇದನ್ನ ಒತ್ತು. ಯಾರಾದ್ರೂ ಓಡಿ ಬರ್ತಾರೆ. ಇದು ನಾನೇ ಮಾಡಿರೋ ಏರ್ಪಾಡು" ಅಂದ.

ಮೊದಲ ಮೂರು ದಿನ ಅವಳು ಚೆನ್ನಾಗಿಯೇ ಇದ್ದಳು. ವ್ಯಾಯಾಮ ಮಾಡಿಸುವಾಕೆ ಬಂದರೆ ಹಲ್ಲು ಕಚ್ಚಿ ಬಲಗೈ ಎತ್ತಲು ನೋಡುತ್ತಿದ್ದಳು. ನಾಲ್ಕನೇ ದಿನ ಇಡೀ ಬೀದಿಯ ಕರೆಂಟು ಹೋಯಿತು, ಕಪ್ಪು ಯಂತ್ರ ನಿಂತಿತು. ಒಂದು ಗಂಟೆ ಬಿಟ್ಟು ಕರೆಂಟು ಬಂದಾಗ ತಾನೇ ಎದ್ದುಕೊಂಡಿತು. ಗಂಟೆ ಬಾರಿಸಿ ನೋಡಿದೆವು, ಎಲ್ಲ ಸರಿಯಾಗಿತ್ತು.

ಮರುದಿನ ಮಧ್ಯಾಹ್ನ, ಮೂರು ಹೊಡೆದು ಹತ್ತು ನಿಮಿಷ. ಎರಡರಿಂದ ನಾಲ್ಕು ಗಂಟೆಯವರೆಗೆ ರೋಗಿಗಳು ಮಲಗುವ ಹೊತ್ತು. ಆಗ ನಾವು ಯಾರ ಕೋಣೆಗೂ ಸುಮ್ಮನೆ ಹೋಗುವುದಿಲ್ಲ. ಗಂಟೆ ಬಾರಿಸಿತು, ಬೋರ್ಡು ನೋಡಿದೆ. ಹದಿನಾಲ್ಕು.

ಹದಿನಾಲ್ಕರಲ್ಲಿ ಯಾರೂ ಇರಲಿಲ್ಲ. ಗೋಡೆಗೆ ತೇವ ಹಿಡಿದು ಏಳು ತಿಂಗಳಿಂದ ಬೀಗ ಹಾಕಿದ್ದ ಕೋಣೆ ಅದು. ಕೊನೆಗೆ ಅಲ್ಲಿದ್ದವರು ಒಬ್ಬ ಗಡಿಯಾರ ರಿಪೇರಿಯ ಮುದುಕರು. ಆ ಹಾಸಿಗೆಯ ಮೇಲೇ ತೀರಿಕೊಂಡರು. ನಮ್ಮ ಪಡಸಾಲೆಯಲ್ಲಿ ಅಂಕಿ ಒಂದು ಕಡೆ ಏರಿ ಇನ್ನೊಂದು ಕಡೆ ವಾಪಸು ಬರುವುದರಿಂದ ಒಂಬತ್ತಕ್ಕೆ ಸರಿಯಾಗಿ ಎದುರುಬಾಗಿಲು ಹದಿನಾಲ್ಕು. ರೋಗಿಗಳಿರುವ ಕೋಣೆಗಳ ಬಾಗಿಲು ಗಾಳಿಗೆಂದು ತೆರೆದೇ ಇರುತ್ತಿತ್ತು. ನಾನೂ ಆಯಾನೂ ಓಡಿದೆವು, ಬೀಗ ತೆಗೆದೆವು. ಹಾಸಿಗೆಯಿಲ್ಲದ ಬರಿ ಮಂಚ, ಉದುರಿದ ಸುಣ್ಣ. ಗುಂಡಿ ಇರಬೇಕಾದ ಜಾಗದಲ್ಲಿ ಗುಂಡಿಯೂ ಇಲ್ಲ, ತೂತು ಮುಚ್ಚಿದ ಬಿಳಿ ತಟ್ಟೆಯೊಂದಿತ್ತು. ಆಯಾ ಒಳಗೆ ಇಣುಕಿ, ಮೇಜಿನ ಹತ್ತಿರವಿದ್ದವರಿಗೆ ಕೇಳಲೆಂದು ಕೂಗಿದಳು: "ಯಾರೂ ಇಲ್ಲ!"

ಮರುದಿನ ಅದೇ ಹೊತ್ತಿಗೆ ಮತ್ತೆ ಹದಿನಾಲ್ಕು. ಅದರ ಮರುದಿನವೂ. ಕೆಲವೊಮ್ಮೆ ಒಂದು ಸಲ, ಕೆಲವೊಮ್ಮೆ ಏಳೆಂಟು ಸಲ ಒಂದರ ಹಿಂದೊಂದು. ನಾಲ್ಕು ಗಂಟೆಯಾದರೆ ನಿಂತುಬಿಡುತ್ತಿತ್ತು. ನಾವು ಪ್ರತಿಸಲ ಓಡುವುದು, ಬೀಗ ತೆಗೆಯುವುದು, ಯಾರೂ ಇಲ್ಲ ಎನ್ನುವುದು. "ಗಡಿಯಾರದಜ್ಜ ಸಿಸ್ಟರಮ್ಮಾ, ಟೈಮು ನೋಡ್ಕೊಂಡೇ ಬರ್ತಾರೆ" ಎಂದು ಆಯಾ ಒಬ್ಬಳೇ ಆ ಕಡೆ ಹೋಗುವುದನ್ನೇ ಬಿಟ್ಟಳು. ಇಬ್ಬರು ನರ್ಸುಗಳು ಮಧ್ಯಾಹ್ನದ ಪಾಳಿ ಬೇಡವೆಂದು ಕೈಮುಗಿದರು.

ನಕಲಪ್ಪನನ್ನು ಕರೆಸಿದೆ. ಮೊದಲು ನಕ್ಕ. ಆಮೇಲೆ ಕೆಳಗೆ ಹೋಗಿ ಕರೆಗಂಟೆಯ ಮಷೀನಿನ ಪಟ್ಟಿ ತೆರೆದು ನನ್ನನ್ನೂ ಕೂರಿಸಿಕೊಂಡು ಬೆರಳಿಟ್ಟು ಓದಿದ. ಹನ್ನೆರಡು, ಹದಿಮೂರು, ಹದಿನೈದು. "ರಿಪೇರಿ ಟೈಮಲ್ಲಿ ನಾನೇ ಹದಿನಾಲ್ಕನ್ನ ತೆಗೆದುಹಾಕಿದೀನಿ ಸಿಸ್ಟರ್. ಆ ಅಂಕಿ ಇದಕ್ಕೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದನ್ನ ಹೇಗೆ ತೋರಿಸುತ್ತೆ?" ನನ್ನನ್ನು ಕೇಳಿದರೆ? ಅವನ ಹಣೆಯ ಮೇಲೆ ಬೆವರು ಮೂಡಿತ್ತು.

ಅಷ್ಟರಲ್ಲಿ ಅವನಿಗೆ ಬೇರೆ ಚಿಂತೆ ಹತ್ತಿತ್ತು. ಅಕ್ಕ ದಿನದಿಂದ ದಿನಕ್ಕೆ ಬಾಡುತ್ತಿದ್ದಳು. ಬೆಳಗ್ಗೆ ಅಷ್ಟಿಷ್ಟು ಗೆಲುವಾಗಿರುವಳು. ಐದು ಗಂಟೆಗೆ ಅವನು ಹೋಗುವಷ್ಟರಲ್ಲಿ ಗೋಡೆಗೆ ಮುಖ ಹಾಕಿರುವಳು. ಕೈ ಹಿಡಿದರೆ ತನ್ನ ಕೈಯನ್ನೇ ಯಾರದೋ ಎಂಬಂತೆ ನೋಡುವಳು. "ಯಾಕಕ್ಕಾ? ಏನಾಗ್ತಿದೆ ಹೇಳು" ಎಂದು ಅವನು ಅಂಗಲಾಚುತ್ತಿದ್ದ. ಅವಳು ಅವನನ್ನೇ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಹದಿಮೂರನೇ ದಿನ ನನ್ನ ತಾಳ್ಮೆ ಕೆಟ್ಟಿತು. ಆರು ಸಲ ಹದಿನಾಲ್ಕು ಬಾರಿಸಿತ್ತು. ಏಳನೇ ಸಲ ಒಬ್ಬಳೇ ಹೋಗಿ, ಬಾಗಿಲು ದಡಾರನೆ ತೆರೆದು, ಆ ಖಾಲಿ ಮಂಚಕ್ಕೆ ಬಾಯಿಗೆ ಬಂದದ್ದು ಬೈದೆ. "ಸತ್ತ ಮೇಲೂ ಯಾಕೆ ಹಿಂಗೆ ಕಾಡ್ತೀಯಾ? ನಿನ್ನ ಕಾಲ ಮುಗೀತು. ಇಲ್ಲಿ ನಿನಗೆ ಯಾರೂ ಬರಲ್ಲ. ಸುಮ್ನೆ ಹೊರಡು!" ಗಂಟೆ ಅಷ್ಟಕ್ಕೇ ನಿಂತಿತು. ಆಯಾ ನನ್ನ ಕಡೆ ಎಷ್ಟು ಗೌರವದಿಂದ ನೋಡಿದಳೆಂದರೆ ನನಗೇ ಒಂದು ಕ್ಷಣ ಹೆಮ್ಮೆಯಾಯಿತು. ಮುಂದಿನ ನಾಲ್ಕು ದಿನ ಹದಿನಾಲ್ಕು ಬಾರಿಸಲೇ ಇಲ್ಲ.

ಆ ನಾಲ್ಕು ದಿನ ಅಕ್ಕ ತುತ್ತು ಅನ್ನ ತಿನ್ನಲಿಲ್ಲ. ಕೈ ಎತ್ತಿಸಲು ಹೋದರೆ ಹೆಣದ ಕೈಯ ಹಾಗೆ ಬಿದ್ದುಬಿಡುತ್ತಿತ್ತು. ಮೂಗಿನಲ್ಲಿ ನಳಿಗೆ ಇಳಿಸಬೇಕಾಯಿತು. ಡಾಕ್ಟರು ನಕಲಪ್ಪನಿಗೆ, "ಮನಸ್ಸು ಬಿಟ್ಟಿದಾರೆ ಕಣ್ರೀ" ಎಂದಾಗ ಅವನು ಪಡಸಾಲೆಯ ಬೆಂಚಿನ ಮೇಲೆ ಕೂತು ಗಂಡಸು ಅಳಬಾರದು ಎಂಬುದನ್ನೂ ಮರೆತು ಅತ್ತ. ನನಗೂ ತಡೆಯಲಾಗಲಿಲ್ಲ.

ಹದಿನೆಂಟನೇ ದಿನ, ಮೂರೂ ಹತ್ತಕ್ಕೆ, ಒಂದೇ ಒಂದು ಸಲ, ಮತ್ತೆ ಹದಿನಾಲ್ಕು.

ನಕಲಪ್ಪ ನನ್ನ ಮೇಜಿನ ಹತ್ತಿರವೇ ಇದ್ದ. ಬೋರ್ಡನ್ನು ನೋಡಿದವನೇ, "ಬನ್ನಿ ಸಿಸ್ಟರ್, ಇವತ್ತು ಇದರ ಹುಟ್ಟಡಗಿಸ್ತೀನಿ" ಎಂದು ಮೆಟ್ಟಿಲಿಳಿದ. ಕೆಳಗೆ ಹೋಗಿ ಕರೆಗಂಟೆಯ ಮಷೀನನ್ನೇ ಪೂರ್ತಿ ನಿಲ್ಲಿಸಿಬಿಟ್ಟ. "ಈಗ ಅದು ಇಲ್ಲ. ಸತ್ತಿದೆ. ಇನ್ನು ಆ ವಿಳಾಸಕ್ಕೆ ಕರೆದ್ರೆ ಉತ್ತರ ಬರಬಾರದು." ತನ್ನ ಕೀಲಿಮಣೆಯಿಂದ ಆ ವಿಳಾಸವನ್ನು ಕರೆದ. ಪರದೆಯ ಮೇಲೆ ಸಾಲು ಮೂಡಿತು. ಅವನ ಬೆರಳುಗಳು ಅಲ್ಲೇ ನಿಂತವು.

"ಏನ್ರೀ ಅದು?"

"ಉತ್ತರ ಕೊಡ್ತಿದೆ" ಎಂದ. "ನಾನು ಈಗ ತಾನೇ ನಿಲ್ಲಿಸಿದ್ದು ಉತ್ತರ ಕೊಡ್ತಿದೆ."

ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಲೇ ಇದ್ದವು. ಆ ಸೋಪಿನ ವಾಸನೆಯ ಕೋಣೆಯಲ್ಲಿ ನಾವಿಬ್ಬರೇ ಅಲ್ಲ, ಇನ್ನೊಬ್ಬರು ಇದ್ದಾರೆ ಅನ್ನಿಸಿತು ನನಗೆ.

ನಕಲಪ್ಪ ದೊಡ್ಡ ಯಂತ್ರದೊಳಗಿನ ಬಾಡಿಗೆದಾರರ ಪೂರ್ತಿ ಪಟ್ಟಿ ತೆರೆದ. ಎಣಿಸಿದ. ಐದಿರಬೇಕಾದಲ್ಲಿ ಆರಿತ್ತು. ಒಂದನ್ನು ನಿಲ್ಲಿಸಿದ ಮೇಲೂ ಐದು ಓಡುತ್ತಿದ್ದವು. ಆರನೆಯದರ ಹೆಸರು ಓದಿದವನೇ ತಲೆ ಮೇಲೆ ಕೈಹೊತ್ತ. ಏಳು ತಿಂಗಳ ಹಿಂದೆ, ರಿಪೇರಿಯ ಕಾಲದಲ್ಲಿ, ಹೊಸ ಪಟ್ಟಿ ಬರೆಯುವ ಮುಂಚೆ ತನ್ನ ಅಭ್ಯಾಸದಂತೆ ಕರೆಗಂಟೆಯ ಮಷೀನಿನ ನಕಲೊಂದನ್ನು ತೆಗೆದಿಟ್ಟಿದ್ದ. ಅದಕ್ಕೆ ಬೇರೆ ವಿಳಾಸ ಕೊಟ್ಟಿರಲಿಲ್ಲ; ಹೇಗೂ ನಿಲ್ಲಿಸಿಟ್ಟದ್ದಲ್ಲವೇ ಎಂದುಕೊಂಡಿದ್ದ. ಕರೆಂಟು ಹೋಗಿ ಬಂದಾಗ ಎಲ್ಲವೂ ತಾವಾಗಿ ಏಳಬೇಕು ಎಂದು ಬರೆದಿಟ್ಟ ಸೂಚನೆ ಅಸಲಿನ ಜೊತೆ ನಕಲಿಗೂ ಬಂದಿತ್ತು. ಆವತ್ತು ಅದೂ ಎದ್ದು ಕೂತಿದೆ. ಒಂದೇ ಬಾಗಿಲಲ್ಲಿ ಒಂದೇ ವಿಳಾಸದ ಇಬ್ಬರು. ಯಾರು ಕೊನೆಗೆ "ನಾನಿಲ್ಲಿದ್ದೀನಿ" ಎಂದು ದನಿ ಎತ್ತಿದರೋ ಕಾಗದ ಅವರಿಗೆ. ನಕಲು ಮೂರು ಗಂಟೆಗೆ ತನ್ನ ದಿನದ ಕೆಲಸಕ್ಕೆ ಎದ್ದು ದನಿ ಎತ್ತುತ್ತಿತ್ತು, ಅಸಲು ನಾಲ್ಕಕ್ಕೆ. ನಡುವಿನ ಒಂದು ಗಂಟೆ ಎಲ್ಲ ಕರೆಗಳೂ ಏಳು ತಿಂಗಳ ಹಿಂದಿನ ಪಟ್ಟಿಯ ಪಾಲು.

"ಸದ್ಯ, ದೆವ್ವ ಅಲ್ವಲ್ಲ!" ಎಂದು ನಾನು ಉಸಿರುಬಿಟ್ಟೆ. "ಆದ್ರೆ ಮಿಕ್ಕ ಕೋಣೆಗಳೆಲ್ಲ ಸರಿಯಾಗೇ ಬರ್ತಿದ್ವಲ್ರೀ?"

"ಅವು ಎರಡು ಪಟ್ಟಿಲೂ ಒಂದೇ. ಬದಲಾಗಿರೋದು ಒಂದೇ ಗುಂಡಿ" ಎನ್ನುತ್ತ ಹಳೆಯ ಪಟ್ಟಿ ತೆರೆದ. ಹದಿನಾಲ್ಕನೇ ಕೋಣೆ, ಗುಂಡಿ ನಲವತ್ತೇಳು. ತೇವದ ಕೋಣೆ ಮುಚ್ಚುವಾಗ ಎಲೆಕ್ಟ್ರಿಷಿಯನ್ ಆ ಗುಂಡಿಯನ್ನು ಕಿತ್ತು, ಗುಂಡಿ ಕೆಟ್ಟಿದ್ದ ಬೇರೆ ಕೋಣೆಗೆ ಹಾಕಿದ್ದ. ಹೊಸ ಪಟ್ಟಿಯಲ್ಲಿ ನಲವತ್ತೇಳು ಎಲ್ಲಿದೆ ಎಂದು ಬೆರಳು ಜಾರಿಸುತ್ತ ಹೋದ.

ಒಂಬತ್ತು.

ನಾನು ಅವನ ಮುಖ ನೋಡಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು.

ಒಂಬತ್ತರ ಕಿಟಕಿ ಪಡುವಣಕ್ಕಿತ್ತು. ಮೂರರ ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ರೆಪ್ಪೆ ಕೆಂಪಾಗಿ ಊದಿತ್ತು. ಅಷ್ಟೇ ಬೇಕಾಗಿದ್ದದ್ದು ಅವಳಿಗೆ: ಒಂದು ಪರದೆ ಎಳೆಯುವುದು. ನಾನು ಎಳೆದೆ. ನಕಲಪ್ಪ ಮಂಚದ ಪಕ್ಕ ಕುಸಿದು ಕೂತ.

"ಅಕ್ಕಾ, ನಾನು ಕಣೆ. ಕಣ್ಣು ಬಿಡು."

ಅವಳು ಬಿಟ್ಟಳು. ಮಾತು ತೊದಲಿ ತೊದಲಿ, ಒಂದೊಂದಾಗಿ ಬಂತು. "ಒತ್ತಿದೆ. ಓಡಿ ಬಂದ್ರು. ನನ್ನ ಕಡೆ ಬೆನ್ನು ಹಾಕಿ ನಿಂತ್ರು. ಯಾರೂ ಇಲ್ಲ ಅಂದ್ರು. ದಿನಾ."

"ಅಕ್ಕಾ..."

"ಬೆಳಗ್ಗೆ ಇರ್ತೀನಿ. ಮೂರು ಗಂಟೆಗೆ ಸತ್ತುಹೋಗ್ತೀನಿ. ನಂಗೆ ಗೊತ್ತಾಗಿರ್ಲಿಲ್ಲ." ಕಣ್ಣು ನಿಧಾನವಾಗಿ ನನ್ನ ಕಡೆ ಹೊರಳಿತು. "ಇವರು ಹೇಳಿದ್ರು. ಕಾಲ ಮುಗೀತು, ಹೊರಡು ಅಂತ."

ಇಪ್ಪತ್ತಾರು ವರ್ಷದಲ್ಲಿ ನನ್ನ ಬಾಯಿ ಕಟ್ಟಿದ್ದು ಅದೊಂದೇ ಸಲ. ಅವಳ ಕಾಲು ಮುಟ್ಟಿ ಹಾಗೇ ನಿಂತುಕೊಂಡೆ. ಆ ಕಾಲು ಬೆಚ್ಚಗಿದ್ದದ್ದು ನನ್ನ ಪುಣ್ಯ.

ನಕಲಪ್ಪ ಅವತ್ತೇ ಆ ನಕಲನ್ನು ಅಳಿಸಿಹಾಕಿದ. ಆಮೇಲೆ ಅಕ್ಕನಿಗೆ ಯಂತ್ರ, ಬಾಡಿಗೆದಾರರು, ವಿಳಾಸ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಅವಳು ತಲೆಯಾಡಿಸಿದಳು. ಮರುದಿನದಿಂದ ಗಂಟೆ ಕಾಲು ಕಾಲು ಗಂಟೆಗೆ ಬಾರಿಸತೊಡಗಿತು: ಒಂಬತ್ತು, ಒಂಬತ್ತು, ಒಂಬತ್ತು. ಹೋದರೆ, "ಏನಿಲ್ಲ, ಸುಮ್ನೆ" ಎನ್ನುವಳು. ಯಾರೂ ಗೊಣಗಲಿಲ್ಲ. ಆಯಾ ಅಂತೂ ಪ್ರತಿಸಲ ಬಾಗಿಲಿನಿಂದಲೇ "ಬಂದೆ ಅಕ್ಕಾ, ಇದ್ದೀರಲ್ಲ!" ಎಂದು ಕೂಗಿಕೊಂಡು ಹೋಗುತ್ತಿದ್ದಳು. ನಳಿಗೆ ತೆಗೆದೆವು, ಊಟ ಸೇರಿತು. ಕೈ ಅರ್ಧ ಬಂತು. ಲೋಟ ಹಿಡಿಯುವಷ್ಟು ಬಂತು, ಸೂಜಿ ಹಿಡಿಯುವಷ್ಟು ಬರಲಿಲ್ಲ. ಕಳೆದುಹೋದ ಆ ಹದಿನಾಲ್ಕು ದಿನ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಡಾಕ್ಟರನ್ನು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಅವಳು ಮನೆಗೆ ಹೋದ ತಿಂಗಳ ಮೇಲೆ ನೋಡಿಕೊಂಡು ಬರೋಣವೆಂದು ಹೋಗಿದ್ದೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ನಕಲಪ್ಪ ಚಹಾ ಸೋಸುತ್ತಿದ್ದ. ಮಾತು ಚೆನ್ನಾಗಿ ಬರುತ್ತಿತ್ತು. ನನ್ನ ಬಿಳಿ ಕೂದಲನ್ನೂ ಗೇಲಿ ಮಾಡಿದಳು. ನಗುನಗುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಸುಮ್ಮನಾದಳು. ಗಡಿಯಾರ ನೋಡಿದರೆ ಮೂರೂ ಹತ್ತು.

"ತಮ್ಮಾ" ಎಂದಳು.

"ಇದ್ದೀನಿ ಅಕ್ಕ" ಎಂದ ಅವನು, ಚಹಾದಿಂದ ಕಣ್ಣೆತ್ತದೆ. ದಿನಾ ಹೇಳಿ ಹೇಳಿ ರೂಢಿಯಾದ ದನಿ ಅದು.

"ನಾನು?"

"ನೀನೂ ಇದ್ದೀಯ."

ಅವಳು ಅವನ ಮಾತಿಗೆ ತಲೆಯಾಡಿಸಲಿಲ್ಲ. ಕುರ್ಚಿಯಲ್ಲಿ ಕಷ್ಟಪಟ್ಟು ಹೊರಳಿ, ನನ್ನ ಮುಖವನ್ನೇ ನೋಡುತ್ತ, "ನೀವು ಹೇಳಿ ಸಿಸ್ಟರ್" ಎಂದಳು.