ಕಿಸೆಯಲ್ಲಿ ಕೂಗಿದ ಗಡಿಯಾರ

ಈ ಸಂಗತಿಯನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದುಹೋಗಿ ಎಷ್ಟೋ ವರ್ಷಗಳಾದವು. ಒಮ್ಮೆ ಪೆನ್ನು ಸರಿಯಿಲ್ಲ ಎಂದು ಎದ್ದೆ, ಒಮ್ಮೆ ಕನ್ನಡಕ ಒರೆಸಬೇಕೆಂದು ಎದ್ದೆ. ಇವತ್ತೂ ಅಡುಗೆಮನೆಗೆ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದು ಬಂದಿದ್ದೇನೆ. ನೀವು ಸ್ವಲ್ಪ ಹೊತ್ತು ನನ್ನ ಎದುರಿಗೆ ಕೂತುಬಿಡಿ. ಎದುರಿಗೊಬ್ಬರು ಇರುವಾಗ ಎದ್ದು ಹೋಗುವುದು ಮರ್ಯಾದೆಯಲ್ಲ ಎಂಬ ಕಾರಣಕ್ಕಾದರೂ ನಾನು ಕೂತೇನು.

ಮೊನ್ನೆ ಬಿಪಿ ತೋರಿಸಲು ದವಾಖಾನೆಗೆ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನ ಪ್ಯಾಂಟಿನ ಕಿಸೆಯಲ್ಲಿ ಫೋನು ಗುರ್‌ರ್ ಎಂದು ನಡುಗಿತು. ದನಿ ಬಂದ್ ಮಾಡಿಟ್ಟ ಫೋನು; ಕೀಲಿಕೈ ಗೊಂಚಲಿಗೆ ತಾಗಿ ಇನ್ನಷ್ಟು ಸದ್ದು ಮಾಡಿತು. ನಾನು ಬೆಚ್ಚಿಬಿದ್ದು ನನ್ನ ಕಿಸೆಯನ್ನು ಗಟ್ಟಿಯಾಗಿ ಒತ್ತಿಹಿಡಿದೆ. ನನ್ನ ಫೋನು ಮನೆಯಲ್ಲೇ ಇತ್ತು. ಒಳಗೆ ನರ್ಸ್ ಪಟ್ಟಿ ಕಟ್ಟಿ ನೋಡಿ, "ಕಾಕಾ, ಜಿನಾ ಚಢೂನ್ ಆಲಾತ್ ಕಾ?" ಎಂದು ಕೇಳಿದಳು. ಮೆಟ್ಟಿಲು ಹತ್ತಿ ಬಂದಿರಾ ಎಂದು. ದವಾಖಾನೆ ಇರುವುದು ನೆಲಮಹಡಿಯಲ್ಲಿ.

ನನ್ನ ಮೆಟ್ಟಿಲು ಬೇರೆ. ಅದನ್ನು ಹೇಳುವ ಮೊದಲು ಗಡಿಯಾರದ ಹುಚ್ಚಿನ ಬಗ್ಗೆ ಹೇಳಬೇಕು. ಗದಗಿನಲ್ಲಿ ಮೆಟ್ರಿಕ್ ಮುಗಿಸಿ, ನಾಗಪುರದ ವಾಡಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಬಂದವನು ನಾನು. ಇಡೀ ಆಯುಷ್ಯ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತವನಿಗೆ ಗಡಿಯಾರ ಯಾಕೆ ಬೇಕು? ಬೇಕಾಗಿರಲಿಲ್ಲ; ಅದಕ್ಕೇ ಹಿಡಿಸಿತು. ಸೀತಾಬರ್ಡಿಯ ಫುಟ್‌ಪಾತಿನಲ್ಲಿ ಮೊದಲನೆಯದನ್ನು ಕೊಂಡೆ, ಆಮೇಲೆ ಹಳೇ ಮನೆ ಖಾಲಿ ಮಾಡುವವರಿಂದ, ಗುಜರಿಯಿಂದ. ರಿಟೈರ್ ಆಗುವ ಹೊತ್ತಿಗೆ ಒಂದು ಟ್ರಂಕು ತುಂಬಿತ್ತು. ನನ್ನ ಹೆಂಡತಿ ಬಂದವರ ಮುಂದೆಲ್ಲ, "ಮನಿ ತುಂಬ ಗಡಿಯಾರ ಅದಾವ ನೋಡ್ರಿ, ಊಟಕ್ಕ ಮಾತ್ರ ಟೈಮಿಗೆ ಬರಂಗಿಲ್ಲ ಇವರು" ಎಂದು ಹಂಗಿಸುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಗಡಿಯಾರಗಳಲ್ಲಿ ಯಾವೆರಡೂ ಒಂದೇ ಹೊತ್ತು ತೋರಿಸುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ನಮ್ಮಂಥವರದೊಂದು ಮೇಳ ನಡೆಯುತ್ತದೆ. ಮದುವೆ ಸೀಜನ್ನಿನ ನಡುವೆ ಖಾಲಿ ಸಿಕ್ಕ ಮಂಗಲ ಕಾರ್ಯಾಲಯವನ್ನು ಬಾಡಿಗೆಗೆ ಹಿಡಿಯುತ್ತಾರೆ. ನಾಣ್ಯದವರು, ಸ್ಟಾಂಪಿನವರು, ಗಡಿಯಾರದವರು ಮೇಜು ಹಾಕುತ್ತಾರೆ. ಬೆಳಿಗ್ಗೆ ಖಾರದ ರಸ ಸುರಿದ ಅವಲಕ್ಕಿ, ಇಲ್ಲಿಯ ತರ್ರಿ ಪೋಹೆ; ಆಮೇಲೆ ದಿನವಿಡೀ ಚಹಾ. ಎಲ್ಲರೂ ಗಂಡಸರೇ. ಹೆಂಗಸರ ಕಡೆಯ ಕಕ್ಕಸಿಗೆ ಬೀಗ ಹಾಕಿ, ಅದರ ಮುಂದೆ ನಮ್ಮ ಖಾಲಿ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದೆವು. ಇಲ್ಲಿಗೆ ಯಾವ ಹೆಂಗಸು ಬರುತ್ತಾಳೆ ಎಂಬ ಭಾವನೆ.

ಆ ಮೇಳಕ್ಕೆ ಒಬ್ಬ ಹೆಣ್ಣುಮಗಳು ಬಂದರು. ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಥರ್ಮಾಸಿನ ಮುಚ್ಚಳ ಬಿಚ್ಚಲು ಬಾರದೆ ನಾನು ಅದನ್ನು ಕನ್ನಡದಲ್ಲಿ ಬಯ್ಯುತ್ತಿದ್ದೆ. ಮೇಜಿನ ಆಚೆ ಯಾರೋ ನಕ್ಕರು. "ಯಾವೂರ್ರಿ ಕಾಕಾ ನಿಮ್ದು?" ಎಂದು ಕೇಳಿದರು. ಧಾರವಾಡದ ಕಡೆಯವರು; ಕೇಂದ್ರ ಸರ್ಕಾರದ ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸ, ಬಜಾಜ್ ನಗರದಲ್ಲಿ ಮನೆ. ನಲವತ್ತು ದಾಟಿದ ವಯಸ್ಸು. ಕೈಯಲ್ಲಿ ಗಂಡಸರ ಅಳತೆಯ ಹಳೇ ಗಡಿಯಾರ. ಕನ್ನಡಕದ ಡಬ್ಬಿಯಿಂದ ತೆಗೆದದ್ದು ಕನ್ನಡಕವಲ್ಲ, ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ. ನನ್ನ ಮೇಜಿನ ಒಂದು ಗಡಿಯಾರವನ್ನು ಅದರಲ್ಲಿ ನೋಡಿ, ಮುಖಕ್ಕೆ ಹೊಸ ಬಣ್ಣ ಹೊಡೆದಿದ್ದಾರೆ, ಅಸಲಿಯಲ್ಲ ಎಂದು ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿ, ಜೋಪಾನವಾಗಿ ಇಟ್ಟರು. ಗಟ್ಟಿಯಾಗಿ ಹೇಳಿದ್ದರೆ ನನ್ನ ಆ ದಿನದ ವ್ಯಾಪಾರ ಮುಗಿಯುತ್ತಿತ್ತು.

ನನ್ನ ಮೇಜಿನ ಹಿಂದೆ ಕೂತು ಆಕೆ ಕಾರ್ಯಾಲಯದ ತುಂಬ ತಿರುಗುವುದನ್ನು ನೋಡಿದೆ. ನಲವತ್ತು ವರ್ಷ ಬಜಾರು ತಿರುಗಿದ್ದರೂ, ಕೊಳ್ಳುವುದು ಹೆಂಗಸಿಗೆ ಇಷ್ಟು ಕಷ್ಟದ ಕೆಲಸವೆಂದು ನಾನು ಅಂದಾಜು ಮಾಡಿರಲಿಲ್ಲ. ಪ್ರತಿ ಮೇಜಿನಲ್ಲೂ ಹೆಂಗಸರ ಸಣ್ಣ ಗಡಿಯಾರಗಳ ಟ್ರೇಯನ್ನು ಮುಂದೆ ನೂಕುತ್ತಿದ್ದರು. ಯಾರಿಗಾಗಿ ಎಂದು ಕೇಳುತ್ತಿದ್ದರು. ನನಗೇ ಎಂದರೆ ನಂಬದೆ, ಸಾಹೇಬರು ಬಂದಿಲ್ಲವೇ ಎಂದು ಹಿಂದೆ ಇಣುಕುತ್ತಿದ್ದರು. ಹಿಂಬದಿಯ ಮುಚ್ಚಳ ತೆಗೆದು ತೋರಿಸಿ ಎಂದರೆ ಆಗದು ಎನ್ನುತ್ತಿದ್ದರು. ಅದೇ ಗಡಿಯಾರವನ್ನು ಮುಂದಿನ ಗಿರಾಕಿಗೆ ಕೇಳದೆಯೇ ತೆರೆಯುತ್ತಿದ್ದರು.

ಮತ್ತೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ನಾನು ಬುದ್ಧಿವಂತನಂತೆ ಒಂದು ಉಪಾಯ ಹೇಳಿದೆ. ತೀರಿಹೋದ ಅಪ್ಪನ ಕೈಯಲ್ಲಿ ಇಂಥದೇ ಇತ್ತು, ಅವರ ನೆನಪಿಗೆ ಬೇಕು ಎನ್ನಿ, ಎಲ್ಲರ ಮನಸ್ಸು ಕರಗುತ್ತದೆ, ರೇಟೂ ಇಳಿಯುತ್ತದೆ ಎಂದೆ.

"ನಮ್ಮಪ್ಪಗ ಗಡಿಯಾರ ಕಂಡ್ರ ಆಗ್ತಿದ್ದಿಲ್ಲ ಕಾಕಾ" ಎಂದರು. ಆಮೇಲೆ ನಗು ಬಿಟ್ಟು, "ನನಗ ಬೇಕು ಅಂದ್ರ ಸಾಲದೇನ್ರಿ?" ಎಂದರು.

ಆಕೆಗೆ ಬೇಕಾಗಿದ್ದದ್ದು ಕಳಮೇಶ್ವರದಿಂದ ಬರುತ್ತಿದ್ದ ಶೇಟ್‌ಜಿಯ ಮೇಜಿನ ಮೇಲೆ, ಬಿಸ್ಕೀಟಿನ ಡಬ್ಬಿಯೊಳಗೆ ಇತ್ತು. ಕಪ್ಪು ಮುಖದ ಅಲಾರಂ ಗಡಿಯಾರ. ಕೈಗೆ ಕಟ್ಟಿಕೊಳ್ಳುವಂಥದು, ಆದರೆ ಎರಡು ಕೀಲಿ: ಕೆಳಗಿನದು ನಡೆಯಲು, ಮೇಲಿನದು ಕೂಗಲು. ವರ್ಷಗಟ್ಟಲೆಯಿಂದ ಹುಡುಕುತ್ತಿದ್ದೇನೆ ಎಂದು ಮೊದಲೇ ಹೇಳಿದ್ದರು. ನಾನೂ ಎದ್ದು ಜೊತೆಗೆ ಹೋದೆ. ಆಕೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕಣ್ಣು ಮುಚ್ಚಿ ಕಿವಿಗಿಟ್ಟುಕೊಂಡರು. ಎರಡೂ ಕೀಲಿ ತಿರುಗಿಸಿ, ಕೂಗುತ್ತದೋ ಇಲ್ಲವೋ ನೋಡಲು ಅಲಾರಂ ಮುಳ್ಳನ್ನು ಸ್ವಲ್ಪ ಮುಂದಿನ ಹೊತ್ತಿಗೆ ಇಟ್ಟರು. ಆಕೆ ಏನು ಕೇಳಿದರೂ ಶೇಟ್‌ಜಿ ಉತ್ತರ ಕೊಡುತ್ತಿದ್ದದ್ದು ನನಗೆ. ಕೂಗುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. "ಇತನಾ ಮತ್ ಘುಮಾವೋ ಮೇಡಮ್, ಪುರಾನಾ ಮಾಲ್ ಹೈ" ಎಂದ. ಅಷ್ಟೊಂದು ತಿರುಗಿಸಬೇಡಿ, ಹಳೇ ಮಾಲು ಎಂದು ಆಕೆಯ ಕೈಯಿಂದ ತೆಗೆದುಕೊಂಡು ಡಬ್ಬಿಗೆ ಹಾಕಿದ.

ಇನ್ನು ರೇಟು. ನಮ್ಮ ಮೇಳದಲ್ಲಿ ಒಳ್ಳೆಯ ಮಾಲಿನ ರೇಟನ್ನು ಬಾಯಲ್ಲಿ ಆಡುವುದಿಲ್ಲ. ನಮ್ಮ ಕಡೆ ದನದ ಸಂತೆಯಲ್ಲಿ ನೋಡಿರಬೇಕು ನೀವು: ಕೊಡುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಒಂದು ಟವೆಲು. ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಶೇಟ್‌ಜಿಯ ಮನೆತನ ಕಿತ್ತಳೆ ದಲ್ಲಾಳಿಗಳದು. ಅವನೇ ಈ ಪದ್ಧತಿ ತಂದವನು. ಪರಹೆಂಗಸಿನ ಬೆರಳು ಹಿಡಿಯುವಂತಿಲ್ಲ. ಬಾಯಲ್ಲಿ ಕೇಳಿದರೆ ಅವನು ಬಾಯಿಗೆ ಬಂದ ರೇಟು ಹೇಳುತ್ತಾನೆ, ಹತ್ತು ಜನ ಕಿವಿ ಕೊಡುತ್ತಾರೆ.

"ಕಾಕಾ, ನನ್ನ ಕೈ ಟವೆಲ್ ಒಳಗ ಹೋಗಂಗಿಲ್ಲ. ನಿಮ್ಮ ಕೈ ಸ್ವಲ್ಪ ಕೊಡ್ರಿ" ಎಂದರು.

ಎಲ್ಲಿಯವರೆಗೆ ಏರಬಹುದು ಎಂಬುದನ್ನೂ ಕನ್ನಡದಲ್ಲೇ ಹೇಳಿದರು. ಸುತ್ತ ಯಾರಿಗೂ ತಿಳಿಯಲಿಲ್ಲ. ನನಗೆ ಎದೆ ಉಬ್ಬಿತು. ಗೇಟಿನ ಹತ್ತಿರ ಚಹಾ ಹೇಳಿರಿ, ತಂದೇಬಿಟ್ಟೆ ಎಂದು ಕಳಿಸಿದೆ.

ಟವೆಲಿನ ಒಳಗೆ ಕೈ ಇಟ್ಟೊಡನೆ ಶೇಟ್‌ಜಿ ಬಗ್ಗಿ, "ಅಪನೇ ಲಿಯೇ, ಕಿ ಉನಕೇ ಲಿಯೇ?" ಎಂದು ಕೇಳಿದ. ನಿನಗೋ, ಅವಳಿಗೋ. ಅವಳಿಗೆ ಎಂದರೆ ಒಂದು ರೇಟು, ನನಗೆ ಎಂದರೆ ಒಂದು. ನನಗೆ ಎಂದೆ. ಆಕೆಗೆ ಉಳಿತಾಯವಾಗಲಿ ಎಂದೇ ಹಾಗಂದೆ. ಅಷ್ಟರವರೆಗೆ ನನ್ನ ಮನಸ್ಸು ಶುದ್ಧವಾಗಿತ್ತು, ಇದನ್ನಾದರೂ ನಂಬಿ. ಬೆರಳುಗಳು ಆಕೆ ಹೇಳಿದ್ದಕ್ಕಿಂತ ಎಷ್ಟೋ ಕೆಳಗೆ ನಿಂತವು. ನನ್ನ ಹತ್ತಿರ ಇದ್ದ ದುಡ್ಡು ಕೊಟ್ಟು ಗಡಿಯಾರ ತೆಗೆದುಕೊಂಡೆ.

ಶೇಟ್‌ಜಿಯ ಮೇಜಿನಿಂದ ಗೇಟಿನವರೆಗೆ ಇಡೀ ಕಾರ್ಯಾಲಯ ದಾಟಬೇಕು. ಸ್ಟಾಂಪಿನ ಮೇಜಿನಿಂದ ಯಾರೋ, "ಕಾಯ್ ಭಾವು, ಬಾಯಿಂಚೇ ವಕೀಲ ಝಾಲಾತ್ ಕಾ?" ಎಂದು ಕೂಗಿದರು. ಹೆಂಗಸಿನ ವಕೀಲನಾದೆಯಾ ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತ ಗಡಿಯಾರವನ್ನು ಕಿಸೆಗೆ ಇಳಿಬಿಟ್ಟೆ. ಆ ನಗುವಿನ ಮೇಲೆ ತಪ್ಪು ಹೊರಿಸಿದರೆ ನನಗೆ ಹಗುರವಾದೀತು, ಆದರೆ ಅದು ಪೂರ್ತಿ ನಿಜವಲ್ಲ. ನನ್ನ ಟ್ರಂಕಿನಲ್ಲಿ ಅಷ್ಟು ಚೆಂದದ ಗಡಿಯಾರ ಇನ್ನೊಂದು ಇರಲಿಲ್ಲ. ಆಕೆ ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ್ದನ್ನು ನೋಡುವವರೆಗೆ ನನಗೆ ಅದು ಬೇಕೆಂದೂ ಅನಿಸಿರಲಿಲ್ಲ. ಅದೇ ಡಬ್ಬಿಯ ಮುಂದೆ ಬೆಳಿಗ್ಗೆಯಿಂದ ಎಷ್ಟೋ ಸಲ ಹಾದುಹೋಗಿದ್ದೆ.

ಗೇಟಿನಲ್ಲಿ ಆಕೆ ಚಹಾ ಹಿಡಿದು ನಿಂತಿದ್ದರು. ಏನಾಯಿತು ಎಂಬಂತೆ ಹುಬ್ಬು ಏರಿಸಿದರು. "ಕೊಡಂಗಿಲ್ಲ ಅಂತಾನ್ರಿ" ಎಂದೆ.

ಆಕೆಯ ಮುಖ ಸಣ್ಣದಾಯಿತು. ಹೋಗಲಿ ಬಿಡಿ ಎಂದು ನನಗೇ ಸಮಾಧಾನ ಹೇಳಿ ಚಹಾದ ಗ್ಲಾಸು ಕೊಟ್ಟರು. ನಾನು ಎರಡು ಗುಟುಕು ಕುಡಿದಿರಬೇಕು. ಆಗ ನನ್ನ ಕಿಸೆ ಕೂಗಿತು.

ಬೆಂಕಿಪೊಟ್ಟಣದೊಳಗೆ ದುಂಬಿಯನ್ನು ಕೂಡಿಹಾಕಿದರೆ ಹೇಗೆ ಗಿರುಗುಟ್ಟುತ್ತದೋ ಹಾಗೆ. ತೊಡೆಯ ಮೇಲೆಲ್ಲ ನಡುಕ. ಆಕೆಯೇ ಇಟ್ಟಿದ್ದ ಹೊತ್ತು. ಆಕೆ ಮೊದಲು ನನ್ನ ಕಿಸೆ ನೋಡಿದರು, ಆಮೇಲೆ ಮುಖ ಅರಳಿತು. "ಅಯ್ಯ ಕಾಕಾ, ಚಾಷ್ಟಿ ಮಾಡಿದ್ರೇನು?" ಎಂದು, ನಾನು ತಮಾಷೆ ಮಾಡಿದೆನೆಂದುಕೊಂಡು, ನಗುತ್ತ ಅಂಗೈ ಚಾಚಿದರು.

ನೋಡಿ, ಎಂಥ ಬಾಗಿಲು ತೆರೆದುಕೊಟ್ಟರು. ಹೌದ್ರೀ ಎಂದು ನಕ್ಕು ಅಂಗೈಗೆ ಇಟ್ಟಿದ್ದರೆ ನಾನು ಇವತ್ತು ಈ ಹಾಳೆಯ ಮುಂದೆ ಕೂರಬೇಕಾಗಿರಲಿಲ್ಲ.

"ಅದಲ್ರಿ ಇದು" ಎಂದೆ. "ಇದು ಬ್ಯಾರೆ. ಮನಿಯಿಂದ ತಂದಿದ್ದು."

ಅದು ಇನ್ನೂ ಕೂಗುತ್ತಲೇ ಇತ್ತು. ನಾನು ಕಿಸೆಗೆ ಕೈ ಹಾಕಿ ಎಲ್ಲೆಲ್ಲೋ ಒತ್ತುತ್ತಿದ್ದೆ. ಆಕೆ ಚಾಚಿದ ಕೈಯನ್ನು ಅವಸರವಿಲ್ಲದೆ ಹಿಂದಕ್ಕೆ ತೆಗೆದುಕೊಂಡರು. "ಮ್ಯಾಲಿನ ಕೀಲಿ ಒತ್ರಿ ಕಾಕಾ, ನಿಂದರತೈತಿ" ಎಂದರು. ಒತ್ತಿದೆ. ನಿಂತಿತು. ಆಕೆ ಇಬ್ಬರ ಚಹಾದ ದುಡ್ಡು ಕೊಟ್ಟು, ಸ್ಕೂಟರ್ ಹತ್ತಿ ಹೋದರು.

ಮಧ್ಯಾಹ್ನದ ಹೊತ್ತಿಗೆ ನಾನು ಇದನ್ನು ನಗೆಚಾಟಿಕೆ ಮಾಡಿ ಗೆಳೆಯರಿಗೆ ಹೇಳಿಯೂ ಬಿಟ್ಟೆ. ನಾನು ಹೇಳಿದ ಕಥೆಯಲ್ಲಿ ಆಕೆ ರೇಟು ಕೇಳಿ ಹೆದರಿ ಹಿಂದೆ ಸರಿದಿದ್ದರು, ನಾನು ಕೊಂಡಿದ್ದೆ, ಗೇಟಿನಲ್ಲಿ ಇಬ್ಬರೂ ಚಹಾ ಕುಡಿಯುವಾಗ ಗಡಿಯಾರ ಪಾಪ ಆಕೆಗಾಗಿ ಅತ್ತಿತ್ತು. ಮೇಳದಲ್ಲಿ ಆಕೆಗೆ ಅಲಾರಂ ಬಾಯಿ, ಅಂದರೆ ಅಲಾರಂ ಹೆಂಗಸು, ಎಂದು ಹೆಸರಾಯಿತು. ಹೆಂಡತಿಗೂ ಅದೇ ಕಥೆ ಹೇಳಿದೆ. ಅವಳು ನಗಲಿಲ್ಲ. "ಚಹಾ ಯಾರು ಕುಡಿಸಿದ್ರು?" ಎಂದು ಕೇಳಿದಳು. ನಾನು ಸ್ನಾನಕ್ಕೆ ಎದ್ದುಹೋದೆ.

ಆಕೆ ಮತ್ತೆ ಮೇಳಕ್ಕೆ ಬರಲಿಲ್ಲ. ಕನ್ನಡದವರ ರಾಜ್ಯೋತ್ಸವದ ಊಟದಲ್ಲಿ ಮಾತ್ರ ಸಿಗುತ್ತಿದ್ದರು. "ಆರಾಮದೀರಿ ಕಾಕಾ?" ಎಂದು ಮೊದಲಿನಂತೆಯೇ ಕೇಳುತ್ತಿದ್ದರು. ಯಾರಿಗಾದರೂ ಹೇಳಿಯಾರು ಎಂದು ನಾನು ಪಂಕ್ತಿಯಲ್ಲಿ ಕೂತು ಎಲೆ ನೋಡದೆ ಆಕೆಯ ಬಾಯಿಯನ್ನೇ ನೋಡುತ್ತಿದ್ದೆ. ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ಮುಗಿಯುತ್ತಿತ್ತು. ಕೆಲವು ವರ್ಷಕ್ಕೆ ವರ್ಗವಾಗಿ ಹೋದರು ಎಂದು ಕೇಳಿದೆ. ವಿಳಾಸ ಸಿಗಲಿಲ್ಲ ಎಂದು ಬರೆಯಲು ಹೊರಟಿದ್ದೆ, ಸುಳ್ಳು. ಕೇಳಿದರೆ ಕೊಡುವವರು ಇದೇ ಊರಲ್ಲಿದ್ದಾರೆ. ನಾನು ಕೇಳಲಿಲ್ಲ. ಗಡಿಯಾರ ಕಾಲುಚೀಲದೊಳಗೆ, ಕಾಲುಚೀಲ ಟ್ರಂಕಿನೊಳಗೆ ಇದೆ. ನಾನು ಅದರ ಮೇಲಿನ ಕೀಲಿಯನ್ನು ಮತ್ತೆ ತಿರುಗಿಸಿಲ್ಲ.

ಈ ಸಲದ ಮೇಳ ಹೋದ ಭಾನುವಾರ ಆಯಿತು. ಈಗ ನಾಲ್ಕಾರು ಹುಡುಗಿಯರು ಬರುತ್ತಾರೆ, ಫೋನಿನಲ್ಲಿ ಎಲ್ಲ ಓದಿಕೊಂಡು. ಮರಾಠಿ ಹುಡುಗಿಯೊಬ್ಬಳು ನನ್ನ ಪಕ್ಕದ ಮೇಜಿನಲ್ಲಿ ಅಲಾರಂ ಗಡಿಯಾರ ಇದೆಯೇ ಎಂದು ವಿಚಾರಿಸಿದಳು. ಮೇಜಿನವನಿಗೆ ಖುಷಿಯಾಯಿತು, ಅಲಾರಂ ಬಾಯಿಯ ಕಥೆ ಶುರು ಮಾಡಿದ. ಹೇಳಿ ಹೇಳಿ ಕಥೆ ಬೆಳೆದಿತ್ತು. ಈಗ ಅದರಲ್ಲಿ ಆಕೆ ಅಳುತ್ತ ಹೋಗುತ್ತಾರೆ. ಸುತ್ತ ಇದ್ದವರು ನಕ್ಕರು. ಹುಡುಗಿ ನಗಲಿಲ್ಲ.

"ತ್ಯಾಂಚಂ ನಾವ ಕಾಯ್ ಹೋತಂ?" ಎಂದು ಕೇಳಿದಳು. ಅವರ ಹೆಸರು ಏನಿತ್ತು?

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಂದು ಗಡಿಯಾರದ ಪಟ್ಟಿಯನ್ನು ಬಿಚ್ಚಿ ಕಟ್ಟುತ್ತ, "ಆಠವತ್ ನಾಹೀ" ಎಂದೆ. ನೆನಪಿಲ್ಲ ಎಂದೆ. ಹುಡುಗಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮುಂದಿನ ಮೇಜಿಗೆ ಹೋದಳು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಗಡಿಯಾರವನ್ನಂತೂ ಕಳಿಸಬಹುದು, ಕಳಿಸುತ್ತೇನೆ; ವಿಳಾಸ ಕೇಳಲು ನಾಳೆ ಹೋಗುತ್ತೇನೆ. ಆದರೆ ಇಷ್ಟು ಜನರ ಬಾಯಲ್ಲಿ ಒಬ್ಬರನ್ನು ಹೆಸರಿಲ್ಲದವರನ್ನಾಗಿ ಮಾಡಿದ್ದನ್ನು ಪಾರ್ಸಲು ಮಾಡಿ ಕಳಿಸಲಾಗುವುದಿಲ್ಲ. ನನಗೆ ಹೆಸರು ನೆನಪಿದೆ. ನಾನು ಕ್ಷಮೆ ಕೇಳದೇ ಬಿಟ್ಟವರು, ಕಿಟಕಿಯ ಬೆಳಕಿಗೆ ಗಡಿಯಾರ ಹಿಡಿದು ನೋಡಿದವರು, ವಿಮಲಾ ಗುಡಗೇರಿ.