ಮಿಲ್ಲಿನಣ್ಣ ಮತ್ತು ಬಲಮೂಲೆ

ಮೊನ್ನೆ ಚನ್ನಪಟ್ಟಣದಲ್ಲಿ ಗೊಂಬೆ ತಯಾರಿಸುವ ಮನೆಯೊಂದರ ಹಿಂಬದಿಯಿಂದ ಹಾದುಹೋಗುವಾಗ ಹಸಿ ಮರದ ಹೊಟ್ಟಿನ ವಾಸನೆ ಬಂದಿತು. ಮರವನ್ನು ಕಡೆಯುವಾಗ ಉದುರುವ ಹೊಟ್ಟನ್ನು ಯಾರೋ ಗೋಣಿಚೀಲಕ್ಕೆ ತುಂಬುತ್ತಿದ್ದರು. ಇತರರಿಗೆ ಅದು ಒಲೆಗೆ ಹಾಕುವ ಪದಾರ್ಥ. ನನಗೆ ಮಾತ್ರ ಕಬಡ್ಡಿ ಅಂಕಣದ ವಾಸನೆ. ನಮ್ಮ ಬೀದಿಯ ರಾಗಿ ಮಿಲ್ಲಿನ ಹಿಂದಿನ ಬಯಲಿನಲ್ಲಿ, ಬಿದ್ದವರಿಗೆ ಪೆಟ್ಟಾಗದಿರಲೆಂದು ಮಣ್ಣಿಗೆ ಇದೇ ಹೊಟ್ಟನ್ನು ಬೆರೆಸಿ ಹದ ಮಾಡುತ್ತಿದ್ದವರೊಬ್ಬರಿದ್ದರು...

ಅವರು ಆ ಮಿಲ್ಲಿನ ಮಾಲೀಕರು. ಹುಡುಗಿಯರ ಕಬಡ್ಡಿ ಕ್ಲಬ್ಬೊಂದನ್ನು ನಡೆಸುತ್ತಿದ್ದರು. ಬೀದಿಗೆ ಬೀದಿಯೇ ಅವರನ್ನು ಮಿಲ್ಲಿನಣ್ಣ ಎಂದು ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತಿದ್ದೆ. ಹುಬ್ಬು, ಕಿವಿ, ಅಂಗಿಯ ಕಾಲರು, ಎಲ್ಲದರ ಮೇಲೂ ಸದಾ ತೆಳುವಾಗಿ ರಾಗಿಹಿಟ್ಟು ಕುಳಿತಿರುತ್ತಿತ್ತು. ಆರಂಭಿಸಿದ ವಾಕ್ಯವನ್ನೆಲ್ಲ ಮುಗಿಸುವ ಅಭ್ಯಾಸ ಅವರಿಗಿರಲಿಲ್ಲ. ನಾನು ಆಗಿನ್ನೂ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ತರಗತಿಯಲ್ಲಿ ಅರ್ಧ ವಾಕ್ಯವನ್ನು ಸಹಿಸದ ನಾನು ಅವರ ಅರ್ಧ ವಾಕ್ಯಗಳನ್ನು ಮಾತ್ರ ತಾಳ್ಮೆಯಿಂದ ಕೇಳುತ್ತಿದ್ದೆ.

ಆ ವರ್ಷ ನನ್ನ ತಂಗಿಯ ಮಗಳು ಮರಳವಾಡಿಯ ಕಡೆಯಿಂದ ಓದಿಗೆಂದು ನಮ್ಮ ಮನೆಗೆ ಬಂದಿದ್ದಳು. ಅವಳ ಎಡಗೈ ಹುಟ್ಟಿನಿಂದಲೇ ಮೊಣಕೈಗಿಂತ ಸ್ವಲ್ಪ ಕೆಳಗೆ ಮುಗಿದುಹೋಗಿತ್ತು. ಊರಿನ ಶಾಲೆಯಲ್ಲಿ ಆಟೋಟದ ದಿನ ಬಂದರೆ, ಅಂಕ ಬರೆಯುವವರ ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತಿದ್ದರಂತೆ. ಪ್ರೀತಿಯಿಂದಲೇ ಹಾಕುತ್ತಿದ್ದರು, ಬಿಸಿಲು ತಾಗದಂತೆ ಕೊಡೆಯನ್ನೂ ಹಿಡಿಯುತ್ತಿದ್ದರು. ಅವಳಿಗೆ ಆ ಕುರ್ಚಿಯ ನೆನಪಾದರೆ ಮುಖ ಗಂಟಾಗುತ್ತಿತ್ತು. ಟೀವಿಯಲ್ಲಿ ಕಬಡ್ಡಿ ಬಂದರಂತೂ ತಟ್ಟೆಯ ಮುದ್ದೆ ಆರಿ ಕಲ್ಲಾದರೂ ಎಚ್ಚರವಿರುತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ಡಬ್ಬದ ಹಿಡಿಯನ್ನು ಆ ಗಿಡ್ಡ ತೋಳಿಗೆ ಸಿಕ್ಕಿಸಿಕೊಂಡು ರಾಗಿ ಬೀಸಿಸಲು ನನ್ನೊಂದಿಗೆ ಮಿಲ್ಲಿಗೆ ಬಂದಳು. ಮಿಲ್ಲಿನಣ್ಣ ಡಬ್ಬವನ್ನು ನೋಡಿದರು, ತೋಳನ್ನೂ ನೋಡಿದರು.

"ಸಂಜೆ ಹಿಂದ್ಗಡೆ ಬಯಲಿಗೆ ಬಾರವ್ವ."

"ನೋಡಾಕಾ?" ಎಂದಳು ಅವಳು, ಒರಟಾಗಿಯೇ.

"ನೋಡಾಕೆ ಮನೇಲಿ ಟೀವಿ ಐತಲ್ಲ. ಆಡಾಕೆ ಬಾ."

ಅವಳು ಹೋದಳು. ಅವಳನ್ನು ಕರೆತರುವ ನೆಪದಲ್ಲಿ ನಾನೂ ಪ್ರತಿದಿನ ಹೋಗತೊಡಗಿದೆ.

ಕಬಡ್ಡಿಯಲ್ಲಿ ಎದುರಾಳಿ ದಾಳಿಗೆ ಬಂದಾಗ ಹಿಡಿಯುವವರು ಕೈ ಕೈ ಹಿಡಿದು ಸರಪಳಿಯಂತೆ ನಿಲ್ಲುತ್ತಾರೆ. ಮಿಲ್ಲಿನಣ್ಣ ಅವಳನ್ನು ಸರಪಳಿಯ ಎಡತುದಿಯಲ್ಲಿ ನಿಲ್ಲಿಸಿದರು. ಅಲ್ಲಿ ಅವಳ ಬಲಗೈಯನ್ನು ಪಕ್ಕದವಳು ಹಿಡಿದರೆ ಸಾಕು. ಗಿಡ್ಡ ತೋಳು ಹೊರಬದಿಗೆ ಉಳಿಯುತ್ತಿತ್ತು. ಯಾರೂ ಅದನ್ನು ಮುಟ್ಟಬೇಕಾಗಿರಲಿಲ್ಲ, ಅವಳೂ ಮುಜುಗರಪಡಬೇಕಾಗಿರಲಿಲ್ಲ. ಬಹಳ ಯೋಚಿಸಿ ಮಾಡಿದ ಏರ್ಪಾಡು ಅದು ಎಂದು ನನಗೂ ಅನ್ನಿಸಿತ್ತು.

ಆದರೆ ದಾಳಿಗೆ ಬಂದವರೆಲ್ಲ ಅವಳ ಬದಿಯಿಂದಲೇ ನುಸುಳಿ ಹೋಗುತ್ತಿದ್ದರು. ಪ್ರತಿ ಸಲವೂ ಪಕ್ಕದ ಉದ್ದಜಡೆಯ ಹುಡುಗಿ, ತಂಡದ ನಾಯಕಿ, ಅವಳ ಬೆನ್ನು ತಟ್ಟಿ "ಬುಡು, ಪರ್ವಾಗಿಲ್ಲ" ಎನ್ನುತ್ತಿದ್ದಳು. ಬೇರೆ ಯಾರಾದರೂ ಹಾಗೆ ಕೈಬಿಟ್ಟಿದ್ದರೆ ಅದೇ ನಾಯಕಿ ಬಯಲು ಅದುರುವಂತೆ ಬೈಯುತ್ತಿದ್ದಳು. ಮನೆಗೆ ಮರಳುವ ದಾರಿಯಲ್ಲಿ ನಮ್ಮ ಹುಡುಗಿ ಮಾತಾಡುವುದು ದಿನದಿನಕ್ಕೂ ಕಡಿಮೆಯಾಯಿತು. ಇನ್ನು ಬರುವುದಿಲ್ಲ ಎನ್ನುವಳೋ ಏನೋ ಎಂದು ನಾನು ಒಳಗೊಳಗೇ ಅಂಜಿದ್ದೆ.

ಒಂದು ಸಂಜೆ ಮತ್ತೊಮ್ಮೆ "ಪರ್ವಾಗಿಲ್ಲ" ಕೇಳಿಬಂದಾಗ ಅವಳು ನಿಂತಲ್ಲಿಂದಲೇ ಸಿಡಿದಳು.

"ಪರ್ವಾಗಿಲ್ಲ ಅನ್ಬ್ಯಾಡ ಕಣೇ! ಬ್ಯಾರೆ ಯಾರಾದ್ರೂ ಬುಟ್ಟಿದ್ರೆ ಹಂಗಂತಿದ್ದಾ?" ಆಮೇಲೆ ಮಿಲ್ಲಿನಣ್ಣನ ಕಡೆ ತಿರುಗಿದಳು. "ಅಣ್ಣ, ನಂಗಿರೋದು ಒಂದೇ ಕೈ. ಅದ್ನೂ ಇವಳ ಕೈಗೆ ಕೊಟ್ಬುಟ್ಟಿದ್ದೀರ. ಇನ್ನು ಯಾವ ಕೈಲಿ ಹಿಡೀಲಿ? ಆ ಕಡೆ ಮೂಲೇಗ್ ಹಾಕಿ."

ಮಿಲ್ಲಿನಣ್ಣ ಹುಬ್ಬಿನ ಹಿಟ್ಟು ಒರೆಸಿಕೊಂಡರು.

"ಹೌದಲ್ಲವ್ವ... ನಿನ್ನ ತೋಳು ಯಾರ ಕೈಗೂ ತಾಗ್ದಂಗೆ ನೋಡ್ಕಂಡೆ. ನೀನು ಹಿಡೀಬೇಕು ಅನ್ನೋದೇ..."

ಆ ವಾಕ್ಯವೂ ಮುಗಿಯಲಿಲ್ಲ.

ಅವಳು ಬಲತುದಿಗೆ ಹೋದಳು. ಈಗ ಬಲಗೈ ಹೊರಬದಿಗೆ ಬಂದು ಹಿಡಿಯಲು ಸ್ವತಂತ್ರವಾಯಿತು. ಪಕ್ಕದವಳು ಹಿಡಿಯಬೇಕಾದದ್ದು ಆ ಗಿಡ್ಡ ತೋಳನ್ನು. ಉದ್ದಜಡೆಯವಳೇ ಪಕ್ಕಕ್ಕೆ ಬಂದಳು. ಬಂದವಳು ಬಿಸಿ ಪಾತ್ರೆಯನ್ನು ಮುಟ್ಟುವಂತೆ ಬೆರಳ ತುದಿಯಿಂದ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡಳು. ಅಸಹ್ಯದಿಂದಲ್ಲ, ನೋಯಿಸುವೆನೇನೋ ಎಂಬ ಭಯದಿಂದ. ಮಿಲ್ಲಿನಣ್ಣ ಅವಳನ್ನು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ.

"ಹೆಂಗ್ ಹಿಡೀಬೇಕು ಅಂತ ನಮ್ಗ್ಯಾರ್ಗೂ ಗೊತ್ತಿಲ್ಲ ಕಣವ್ವ. ನೀನೇ ಹೇಳ್ಕೊಡು" ಎಂದು ನಮ್ಮ ಹುಡುಗಿಗೆ ಹೇಳಿ, ತಾವೇ ಮೊದಲು ಮುಂದೆ ಬಂದರು.

"ಮೊಣಕೈ ಮ್ಯಾಲೆ, ಬಿಗಿಯಾಗಿ. ಇನ್ನೂ ಒಸಿ ಬಿಗಿ. ಇದೇನ್ ಗಾಜಾ ಅಣ್ಣ, ಒಡ್ದೋಗಾಕೆ?"

ಹುಡುಗಿಯರು ನಕ್ಕರು. ಒಬ್ಬೊಬ್ಬರಾಗಿ ಎಲ್ಲರೂ ಹಿಡಿದು ಕಲಿತರು. ಸಡಿಲವಾಗಿ ಹಿಡಿದವರನ್ನು ಅವಳು ಎಳೆದು ಮಣ್ಣಿಗೆ ಕೆಡವಿದಳು. ಮೇಜಿನ ಆಚೆ ನಿಂತು ಅಷ್ಟು ವರ್ಷ ಪಾಠ ಹೇಳಿದ ನಾನು ಅದಕ್ಕಿಂತ ಗದ್ದಲದ, ಅದಕ್ಕಿಂತ ಸೊಗಸಾದ ತರಗತಿಯನ್ನು ಕಂಡ ನೆನಪಿಲ್ಲ...

ಕೆಲವು ವಾರಗಳ ಬಳಿಕ ಮಾಗಡಿಯ ಕಡೆಯ ತಂಡವೊಂದು ಆಡಲು ಬಂದಿತು. ನಮ್ಮ ಹುಡುಗಿ ಬಲಮೂಲೆಯಲ್ಲಿದ್ದಳು. ಅವರ ನಾಯಕಿ ಮಿಲ್ಲಿನಣ್ಣನ ಬಳಿಗೆ ಬಂದು, "ಅಣ್ಣ, ಆ ಹುಡ್ಗಿ ಕಡೆ ನಾವು ಬರಲ್ಲ, ಪಾಪ" ಎಂದು ಮೆಲ್ಲಗೆ ಹೇಳಿದಳು.

"ಬರ್ದೆ ಇದ್ರೆ ನಿಮ್ಗೇ ಒಳ್ಳೇದು" ಎಂದರು ಅವರು.

ಮಾತಿನ ಕೆಣಕು ತಾಗಿತೇನೋ, ಆ ನಾಯಕಿ ಮೊದಲ ದಾಳಿಯಲ್ಲೇ ಬಲಮೂಲೆಗೆ ನುಗ್ಗಿದಳು. ನಮ್ಮವಳು ಅವಳ ಕಣಕಾಲಿಗೆ ಎರಗಿದಳು, ಸರಪಳಿ ಸುತ್ತಿಕೊಂಡಿತು, ಎಲ್ಲರೂ ಒಂದೇ ರಾಶಿಯಾಗಿ ಬಿದ್ದರು. ಅಂಕ ನಮ್ಮದಾಯಿತು. ಆದರೆ ಅವರ ಕೊನೆಯ ದಾಳಿಯಲ್ಲಿ ನಮ್ಮವಳು ಆತುರಪಟ್ಟು ಬೇಗ ಎರಗಿ ಬರಿ ಮಣ್ಣನ್ನು ತಬ್ಬಿಕೊಂಡಳು, ಆಟ ಕೈತಪ್ಪಿತು.

ಉದ್ದಜಡೆಯವಳು ಕೆರಳಿ ಕೂಗಿದಳು: "ಒಸಿ ತಡ್ಕಳಾಕ್ ಆಗಲ್ವೇನೇ ಕತ್ತೆ! ಗೆದ್ದಿದ್ ಆಟನ ಹಾಳ್ ಮಾಡ್ಬುಟ್ಯಲ್ಲ!"

ನಾನು ಗಾಬರಿಯಿಂದ ಎದ್ದೆ. ಮಿಲ್ಲಿನಣ್ಣ ಕೈ ಅಡ್ಡ ಹಿಡಿದು, "ಕೂತ್ಕಳ್ಳಿ ಟೀಚರಮ್ಮ, ಅವಳ ಮುಖ ನೋಡಿ" ಎಂದರು. ನೋಡಿದೆ. ಮೈತುಂಬ ಮಣ್ಣು ಮೆತ್ತಿಕೊಂಡ ಆ ಹುಡುಗಿ, ನಾಯಕಿಗೆ ಸರಿಸಮನಾಗಿ ನಿಂತು ತಿರುಗಿ ಬೈಯುತ್ತಿದ್ದಳು. ಆ ರಾತ್ರಿ ಊಟದ ನಡುವೆ ತಾನು ತಿಂದ ಬೈಗುಳವನ್ನು ನಾಯಕಿಯ ದನಿಯಲ್ಲೇ ಮತ್ತೆ ಮತ್ತೆ ಹೇಳಿ ನಕ್ಕಳು.

ಮಿಲ್ಲಿನಣ್ಣ ತೀರಿಕೊಂಡು ಒಂದು ಬೇಸಿಗೆ ಕಳೆಯಿತು. ಮಿಲ್ಲಿಗೆ ಬೀಗ ಬಿದ್ದಿದೆ. ಬಯಲಿನ ಅಂಕಣವನ್ನು ಈಗ ಉದ್ದಜಡೆಯವಳು ನೋಡಿಕೊಳ್ಳುತ್ತಾಳೆ. ನನ್ನ ತಂಗಿಯ ಮಗಳು ಕನಕಪುರದಲ್ಲಿ ಕೆಲಸದಲ್ಲಿದ್ದಾಳೆ, ಭಾನುವಾರ ತಪ್ಪದೆ ಆಡಲು ಬರುತ್ತಾಳೆ. ಅವರಿಲ್ಲದ ಬಯಲಿನಲ್ಲಿ ಅವಳು ಮೊದಲ ಸಲ ಇಳಿದ ದಿನ ಮಣ್ಣಿಗೆ ಹೊಟ್ಟನ್ನು ಅವಳೇ ಬೆರೆಸಿದಳು...

ಹೋದ ವಾರ ರಾಮನಗರದಲ್ಲಿ ವಾಲಿಬಾಲ್ ಕ್ಲಬ್ಬು ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಕಿವಿ ಕೇಳಿಸದ ಯುವಕನೊಬ್ಬ ಸೇರಲು ಬಂದಿದ್ದಾನಂತೆ. "ಅವನನ್ನು ಎಲ್ಲಿ ನಿಲ್ಲಿಸುವುದು, ಹೇಗೆ ಆಡಿಸುವುದು, ನಿಮಗೆ ಗೊತ್ತಿರಬೇಕಲ್ಲ ಮೇಡಂ?" ಎಂದು ಕೇಳಿದ. ಗೊತ್ತಿಲ್ಲವೆಂದೆ. "ಅವನನ್ನೇ ಕೇಳು. ಅವನು ಹೇಳಿದ್ದನ್ನು ಮೊದಲು ನೀನು ಕಲಿ" ಎಂದೆ.

ಫೋನಿಟ್ಟು ಬಾಗಿಲಿಗೆ ಬಂದು, ಬೀಗ ಬಿದ್ದ ಮಿಲ್ಲಿನ ಕಡೆ ನೋಡಿದೆ. ಜೀವನವಿಡೀ ಇತರರ ಉತ್ತರಗಳನ್ನು ತಿದ್ದಿದವಳು ನಾನು. ಈ ಒಂದು ಉತ್ತರ ಸರಿಯಾಯಿತೇ ಎಂದು ಕೇಳಬೇಕೆನಿಸಿದವರು ಈಗ ಅಲ್ಲಿಲ್ಲ.