ಮೂರು ಕಾಲಮ್ಮಿನ ಮೇಷ್ಟ್ರು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೇಷ್ಟ್ರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ನಮ್ಮ ಜಗಲಿಯ ಮೇಲೆ ನೆಟ್ಟಗೆ ಕೂತರು. ನೇರಳೆ ಹಣ್ಣಿನಷ್ಟು ದಪ್ಪದ ಉಂಡೆಗಳು, ಕಿವಿಯ ಕೂದಲಿನ ನಡುವೆ ಹಕ್ಕಿಯ ಮೊಟ್ಟೆ ಇಟ್ಟ ಹಾಗೆ. ಕೈಯಲ್ಲಿ ಹೈಸ್ಕೂಲಿನ ಆಟದ ಕೋಣೆಯಿಂದ ತಂದ ಸ್ಟಾಪ್‌ವಾಚು, ತೊಡೆಯ ಮೇಲೆ ಉದ್ದನೆಯ ನೋಟ್‌ಪುಸ್ತಕ. ಬೀದಿಯ ತಿರುವಿನಾಚೆ ಅಕ್ಕಿ ಮಿಲ್ಲಿತ್ತು. ಅದರ ಡೀಸೆಲ್ ಎಂಜಿನ್ನಿನ ಸದ್ದು ತಮ್ಮ ಏಕಾಗ್ರತೆ ಕೆಡಿಸುತ್ತದೆ ಎಂದು ಅವರು ಹೊಸನಗರದ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಆ ಹೊತ್ತಿನಿಂದ ಐದಾರು ನಿಮಿಷ ನಡೆದದ್ದನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುತ್ತೇನೆ. ಪ್ರತಿ ಸಲವೂ ನಾನು ಎದ್ದು ಓಡುವುದು ತಡವಾಗಿಯೇ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಸಾಗರದಲ್ಲಿ ಬಿ.ಎ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಅಣ್ಣನ ಮನೆಯಲ್ಲಿದ್ದೆ. ಅಣ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನ ಮಗಳು ಪುಟ್ಟಿಗೆ ಆರು ತುಂಬಿದರೂ ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಸಂಜೆಯಾದರೆ ಸಾಕು, ಬಾಗಿಲು ತೆರೆದಿದ್ದೇ ತಡ ಬೀದಿಗೆ ಓಡುತ್ತಿದ್ದಳು. ನಾನೋ ಅತ್ತಿಗೆಯೋ ಎದುರು ಮನೆಯ ಟೈಲರೋ ಬೆನ್ನು ಹತ್ತಿ, ಐವತ್ತು ಹೆಜ್ಜೆಯೊಳಗೆ ಹಿಡಿದು ಎತ್ತಿಕೊಂಡು ಬರುತ್ತಿದ್ದೆವು. ಹೀಗೆ ಯಾವಾಗಲೂ ನಡುದಾರಿಯಲ್ಲೇ ಹಿಡಿದುಬಿಡುತ್ತಿದ್ದುದರಿಂದ ಅವಳು ಎಲ್ಲಿಗೆ ಹೊರಟಿದ್ದಾಳೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಮೇಷ್ಟ್ರು ಪಕ್ಕದ ಮನೆಯವರು. ಎಂ.ಎಡ್. ಮಾಡಿಕೊಂಡು ಬಂದ ಮೇಲೆ ಅವರ ಕಣ್ಣಿಗೆ ಮನುಷ್ಯರು ಕಾಣುವುದು ನಿಂತುಹೋಗಿತ್ತು, ಬರೀ ವರ್ತನೆಗಳು ಕಾಣುತ್ತಿದ್ದವು. ಕ್ಲಾಸಿನಲ್ಲಿ ಸರಿ ಉತ್ತರಕ್ಕೊಂದು ಪೆಪ್ಪರ್‌ಮಿಂಟು. ಹುಡುಗರು ಮೂರೇ ದಿನದಲ್ಲಿ ಕಂಡುಕೊಂಡರು: ಕಷ್ಟದ ಪ್ರಶ್ನೆಗೆ ಎಲ್ಲರೂ ಸುಮ್ಮನಿದ್ದರೆ ಮೇಷ್ಟ್ರು ತಾವಾಗಿ ಸುಲಭದ್ದು ಕೇಳುತ್ತಾರೆ. ವರ್ಷದ ಕೊನೆಗೆ ಹತ್ತನೇ ತರಗತಿಯವರು ಎರಡರ ಮಗ್ಗಿ ಒಪ್ಪಿಸಿ ಪೆಪ್ಪರ್‌ಮಿಂಟು ತಿನ್ನುತ್ತಿದ್ದರು. ಯಾರು ಯಾರನ್ನು ಪಳಗಿಸಿದರು ಎಂಬುದು ಅವರೊಬ್ಬರಿಗೆ ಮಾತ್ರ ತಿಳಿಯಲಿಲ್ಲ.

ಮನೆಯಲ್ಲೂ ಬಿಡಲಿಲ್ಲ. ಅಡುಗೆ ಚೆನ್ನಾದ ದಿನ ಕ್ಯಾಲೆಂಡರಿನಲ್ಲಿ ಹೆಂಡತಿಯ ಹೆಸರಿಗೆ ಒಂದು ಗುರುತು. ಆ ಹೆಂಗಸು ಬೇಲಿಯಾಚೆಯಿಂದ ನಗುತ್ತ ಹೇಳುತ್ತಿದ್ದರು: "ಎಂತ ಮಾಡೂದು ಮಾರಾಯ್ತಿ, ಇಪ್ಪತ್ತು ಗುರುತಾದ್ರೆ ಶಿವಮೊಗ್ಗಕ್ಕೆ ಸಿನಿಮಾಕ್ಕೆ ಕರ್ಕಂಡ್ ಹೋಗ್ತಾರಂತೆ. ಹತ್ತೊಂಬತ್ತಾದ ಕೂಡ್ಲೇ ಅವ್ರಿಗೆ ಸಾರಿಗೆ ಉಪ್ಪು ಜಾಸ್ತಿ ಆಗ್ತದೆ ನೋಡು!"

ಇಂಥವರ ಕೈಗೆ ನಾವು ಮಗುವನ್ನು ಕೊಟ್ಟೆವು. ಕೊಡಿಸಿದವಳು ನಾನೇ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಒಂದು ವಿಷಯವಾಗಿತ್ತು. ಬಹುಮಾನ ಕೊಟ್ಟು ವರ್ತನೆ ಬೆಳೆಸುವುದಕ್ಕೆ ಅವರು 'ಪುನರ್ಬಲನ' ಎಂದರೆ ನಾನು ತಲೆಯಾಡಿಸುತ್ತಿದ್ದೆ. ಇಡೀ ಬೀದಿಯಲ್ಲಿ ತಲೆಯಾಡಿಸುವವಳು ನಾನೊಬ್ಬಳೇ. ನಾನು ಆಡಿಸಿದಷ್ಟೂ ಅವರು ಉಬ್ಬುತ್ತಿದ್ದರು.

"ನೋಡಮ್ಮ," ಎಂದಿದ್ದರು, "ಯಾವ ವರ್ತನೆಯೂ ಅನ್ನ ಇಲ್ಲದೆ ಬದುಕೋದಿಲ್ಲ. ಅದಕ್ಕೆ ಅನ್ನ ಹಾಕ್ತಿರೋರು ಯಾರು ಅಂತ ಹುಡುಕಬೇಕು."

ಹದಿನೈದು ದಿನ ಜಗಲಿಯಲ್ಲಿ ಕೂತು ಹುಡುಕಿದರು. ನೋಟ್‌ಪುಸ್ತಕದಲ್ಲಿ ಮೂರು ಕಾಲಮ್ಮು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಹದಿನಾರನೆಯ ದಿನ ತೀರ್ಪು ಹೊರಬಿತ್ತು. ಮಗು ಓಡುವುದು ನಮ್ಮ ಗಮನಕ್ಕಾಗಿ. ನಾವು ಬೆನ್ನು ಹತ್ತುವುದೇ ಅದಕ್ಕೆ ಅನ್ನ. "ಎಣ್ಣೆ ನಿಲ್ಲಿಸಿದ್ರೆ ದೀಪ ನಂದುತ್ತೆ. ಇವತ್ತು ಯಾರೂ ಹಿಂದೆ ಓಡಬಾರದು. ತಿರುಗಿ ಕೂಡ ನೋಡಬಾರದು." ಟೈಲರಿಗೆ, ಹೋಟೆಲಿನವರಿಗೆ, ನೀರು ಹೊರುವ ಹೆಂಗಸರಿಗೆಲ್ಲ ತಾವೇ ಹೋಗಿ ಹೇಳಿ ಬಂದರು. ಅಣ್ಣ ಕಚೇರಿಯಲ್ಲಿದ್ದ. ಅತ್ತಿಗೆ ಮಾತ್ರ, "ಬ್ಯಾಡ ಕಣೇ, ನಂಗೆ ಯಾಕೋ ಹೆದ್ರಿಕೆ ಆಗ್ತದೆ" ಎಂದರು. ನಾನು, "ಶಾಸ್ತ್ರ ಇದೆ ಅತ್ತಿಗೆ, ಸುಮ್ನಿರಿ" ಎಂದೆ.

ಮೇಷ್ಟ್ರು ಕೂತಲ್ಲಿಂದಲೇ ಬಾಗಿಲು ತಳ್ಳಿ ತೆರೆದರು. ಪುಟ್ಟಿ ಓಡಿದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

"ಐವತ್ತು ಹೆಜ್ಜೆಗೆ ನಿಲ್ತಾಳೆ," ಎಂದರು ಮೇಷ್ಟ್ರು. ಅವಳ ಬರಿಗಾಲಿನ ಸಪ್ಪಳ ದೂರವಾಗುತ್ತಲೇ ಹೋಯಿತು. "ನೂರಕ್ಕೆ." ಸಪ್ಪಳವೇ ಕೇಳದಾಯಿತು.

"ಮೇಷ್ಟ್ರೇ, ತಿರುವು ದಾಟಿದ್ಲು!" ಟೈಲರು ಕೂಗಿದ. ಹತ್ತಿಯ ಕಿವಿಗೆ ಅದು ಕೇಳಿಸಲಿಲ್ಲ. ನಾನು ಅವರ ಭುಜ ಅಲುಗಿಸಿ ಹೇಳಿದೆ. ಅವರು ಸ್ಟಾಪ್‌ವಾಚಿನಿಂದ ಕಣ್ಣು ಕೀಳದೆ, "ಅನ್ನ ನಿಲ್ಲಿಸಿದಾಗ ಮೊದಲು ಓಟ ಜಾಸ್ತಿ ಆಗೇ ಆಗುತ್ತೆ. ಪುಸ್ತಕದಲ್ಲೇ ಇದೆ. ಈಗ ಸೋತರೆ ಹದಿನೈದು ದಿನದ ಶ್ರಮ ನೀರುಪಾಲು" ಎಂದರು. ನಾನು ಮತ್ತೆ ನಿಂತೆ. ಆ ನಿಂತದ್ದು ಎಷ್ಟು ಹೊತ್ತೋ! ಒಂದು ನಿಮಿಷ? ಎರಡು?

ಆಗ ಮಿಲ್ಲು ನಿಂತಿತು.

ದಿನಾ ಕೇಳುವ ಸದ್ದು ಕಿವಿಗೆ ಬೀಳುವುದಿಲ್ಲ, ನಿಂತಾಗಲೇ ತಿಳಿಯುವುದು. ನಾನು ಓಡಿದೆ. ಎಂಜಿನ್ನಿನ ಗಾಲಿಗೂ ಅಕ್ಕಿ ಮಾಡುವ ಮಿಷನ್ನಿಗೂ ನಡುವೆ ಗೇಣಗಲದ ಬೆಲ್ಟು ಓಡುತ್ತಿರುತ್ತದೆ. ಪುಟ್ಟಿ ಅದರ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದಳು. ಜಡೆಯ ಟೇಪು ಬೆಲ್ಟಿಗೆ ಸಿಕ್ಕಿ, ಒಂದು ಹಿಡಿ ಕೂದಲು ಬುಡ ಸಮೇತ ಕಿತ್ತು ಬಂದಿತ್ತು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಸುಲಿದಿತ್ತು. ಮಿಲ್ಲು ನಡೆಸುವ ನಾಯ್ಕರು ಮರದ ಗಳುವಿನಿಂದ ಬೆಲ್ಟನ್ನು ಗಾಲಿಯಿಂದ ಹೊಡೆದು ಬೀಳಿಸಿ, ಎಂಜಿನ್ ಆರಿಸಿದ್ದರು. ಆ ಗಳು ಹಿಡಿದೇ ನನ್ನ ಕಡೆ ತಿರುಗಿದರು.

"ಇನ್ನೊಂದು ಸುತ್ತು ತಿರುಗಿದ್ರೆ ತಲೇನೇ ಇರ್ತಿರ್ಲಿಲ್ಲ! ಓದಿದೋರ ಮನೇಲಿ ಒಂದ್ ಮಗೂನ್ನ ಹಿಡ್ಕಳಕ್ಕೆ ಯಾರೂ ಇಲ್ವನ್ರೀ?"

ಪುಟ್ಟಿ ಕಿರಿಚುತ್ತಿದ್ದಳು. ನೋವಿಗೆಂದುಕೊಂಡು ಎತ್ತಿಕೊಂಡೆ. ಅವಳು ರಕ್ತದ ಕೈಯಿಂದ ನನ್ನ ಕೈ ಹಿಡಿದು, ನಿಂತ ಗಾಲಿಯ ಕಡೆಗೆ ತಳ್ಳಿದಳು. ಮತ್ತೆ ತಳ್ಳಿದಳು. ಅದು ತಿರುಗಬೇಕಿತ್ತು ಅವಳಿಗೆ. ಅಷ್ಟೇ.

ಮರುದಿನ ಬೆಳಿಗ್ಗೆ ಮೇಷ್ಟ್ರು ಏನೂ ಆಗದವರಂತೆ ಬಂದರು. "ಒಂದು ದಿನದ ಫಲಿತಾಂಶದಿಂದ ತೀರ್ಮಾನಕ್ಕೆ ಬರಬಾರದು. ಈಗ ಶಿಕ್ಷೆಯ ವಿಧಾನ ನೋಡಬಹುದು..."

ಅಣ್ಣ ಜೀವಮಾನದಲ್ಲಿ ಯಾರಿಗೂ ಗದರಿದವನಲ್ಲ. "ಮೇಷ್ಟ್ರೇ, ಮೊದ್ಲು ಜಗಲಿ ಇಳೀರಿ" ಎಂದ. ಅವರು ಇಳಿದರು. ಇಳಿಯುವಾಗ ನೋಟ್‌ಪುಸ್ತಕವನ್ನು ನನ್ನ ಕೈಗಿಟ್ಟು, "ನೀವು ಓದಿದೋರು, ನಿಮಗಾದರೂ ಅರ್ಥ ಆಗುತ್ತೆ" ಎಂದರು. ಒಲೆಗೆ ಹಾಕೋಣವೆಂದು ಒಳಗೊಯ್ದೆ. ಹಾಕುವ ಮೊದಲು ತೆರೆದೆ.

ಮುತ್ತಿನಂಥ ಅಕ್ಷರ. ನಾಲ್ಕು ಹತ್ತು. ನಾಲ್ಕು ಹನ್ನೊಂದು. ನಾಲ್ಕು ಹತ್ತು. ಮೊದಲು ಏನಾಯಿತು ಎಂಬ ಕಾಲಮ್ಮಿನಲ್ಲಿ ಪ್ರತಿದಿನವೂ ಒಂದೇ ಉತ್ತರ: 'ಏನೂ ಇಲ್ಲ.' ಎರಡು ಮಂಗಳವಾರಗಳ ಮುಂದೆ ಮಾತ್ರ, 'ಓಡಲಿಲ್ಲ. ಕಾರಣ: ಮಗುವಿನ ಆಲಸ್ಯ.' ಮಂಗಳವಾರ ಮಿಲ್ಲಿಗೆ ರಜೆ. ಉಳಿದ ದಿನ ನಾಯ್ಕರು ಎಂಜಿನ್ ಹಚ್ಚುವುದು ನಾಲ್ಕು ಹತ್ತಕ್ಕೆ. ಇಡೀ ಊರಿಗೆ ಕೇಳುವ ಆ ಸದ್ದಿಗೆ ಈ ಮಹಾಶಯ ದಿನವೂ ಕಿವಿಗೆ ಹತ್ತಿ ಇಟ್ಟುಕೊಂಡು 'ಏನೂ ಇಲ್ಲ' ಎಂದು ಬರೆದಿದ್ದರು!

ಆದರೆ ಒಂದು ಗಳಿಗೆಯನ್ನೂ ತಿದ್ದಿರಲಿಲ್ಲ. ತಮ್ಮ ತೀರ್ಪಿಗೆ ಒಗ್ಗದ ಮಂಗಳವಾರಗಳನ್ನು ಅಳಿಸಿರಲಿಲ್ಲ. ಅದನ್ನು ನಾನು ಒಪ್ಪಲೇಬೇಕು. ದಡ್ಡತನಕ್ಕೂ ಒಂದು ಪ್ರಾಮಾಣಿಕತೆ ಇರುತ್ತದೆ. ಆ ಪುಟಗಳಿಲ್ಲದಿದ್ದರೆ ಪುಟ್ಟಿಗೆ ಹುಚ್ಚು ಎಂದುಕೊಂಡು ಬಾಗಿಲು ಹಾಕಿಯೇ ಇಟ್ಟಿರುತ್ತಿದ್ದೆವು.

ಹಾಗೆ ನೋಡಿದರೆ ಆ ದಿನಗಳಲ್ಲಿ ಹಾಕಿಯೇ ಇಟ್ಟಿದ್ದೆವು. ನಾಲ್ಕು ಹತ್ತಾದರೆ ಅವಳು ಹಣೆಯನ್ನು ಬಾಗಿಲಿಗೆ ಜಜ್ಜಿಕೊಳ್ಳುವಳು. ರಾತ್ರಿ ಅಗುಳಿ ಅಲುಗಿದಂತಾಗಿ ಮೂವರೂ ಸರದಿಯಲ್ಲಿ ಏಳುತ್ತಿದ್ದೆವು. ಅತ್ತಿಗೆ ಮಲಗುತ್ತಲೇ ಇರಲಿಲ್ಲ, ಗೋಡೆಗೊರಗಿ ಕೂತಿರುತ್ತಿದ್ದರು.

ನಾನು ನಾಯ್ಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೆಲ್ಟಿನ ಸುತ್ತ ಎದೆಯೆತ್ತರ ಬಿದಿರಿನ ಬೇಲಿ ಕಟ್ಟಿ, ಆಚೆ ಒಂದು ಕಲ್ಲು ಹಾಕಿಕೊಟ್ಟರು. ಮನೆಯಲ್ಲಿ ಅಕ್ಕಿ ಅಳೆಯುವ ಹಿತ್ತಾಳೆ ಪಾವು ಇತ್ತು. ದಿನಾ ನಾಲ್ಕು ಗಂಟೆಗೆ ಅತ್ತಿಗೆ ಪುಟ್ಟಿಯ ಹಿಂದೆ ಕೂತು, ಅವಳ ಗಾಯವಿಲ್ಲದ ಕೈ ಹಿಡಿದು, ಆ ಪಾವನ್ನು ನನ್ನ ಕೈಯಲ್ಲಿ ಇಡಿಸುವುದು. ಇಟ್ಟ ತಕ್ಷಣ, ಉಸಿರು ಬಿಡುವಷ್ಟೂ ತಡಮಾಡದೆ, ನಾನು "ಮಿಲ್ಲಿಗಾ? ಬಾ" ಎಂದು ಕರೆದುಕೊಂಡು ಹೊರಡುವುದು. ಕಲ್ಲಿನ ಮೇಲೆ ಕೂತು ಗಾಲಿ ತಿರುಗುವುದನ್ನು ನೋಡುವುದು. ನಾಲ್ಕೈದು ದಿನಕ್ಕೆ ಅತ್ತಿಗೆ ಮುಂಗೈ ಬಿಟ್ಟು ಮೊಣಕೈ ಹಿಡಿದರು, ಆಮೇಲೆ ಭುಜ ಮುಟ್ಟಿದರೆ ಸಾಕಾಯಿತು.

"ಅಕ್ಕಾ, ಒಂದ್ ಕಾಳು ಭತ್ತ ಇಲ್ದೆ ದಿನಾ ಮಿಲ್ಲಿಗೆ ಬರೋ ಗಿರಾಕಿ ಅಂದ್ರೆ ನಿಮ್ಮನೇದೊಂದೇ," ಎಂದು ನಾಯ್ಕರು ಪುಟ್ಟಿಗೆ ಸಲಾಮು ಹೊಡೆಯುತ್ತಿದ್ದರು.

ಮೇಷ್ಟ್ರಿಗೆ ಇದೆಲ್ಲ ಹೇಗೋ ತಿಳಿಯಿತು. ಮುಂದೆ ಸಾಗರದಲ್ಲಿ ನಡೆದ ಶಿಕ್ಷಕರ ಸಭೆಯೊಂದರಲ್ಲಿ, 'ಪೂರ್ವಸಂದರ್ಭವನ್ನು ಗುರುತಿಸುವ ಬಗೆ' ಎಂದು ಮುಕ್ಕಾಲು ಗಂಟೆ ಮಾತಾಡಿದರು. ಮಿಲ್ಲಿನ ಸದ್ದನ್ನು ಕಂಡುಹಿಡಿದವರು ತಾವೇ ಎಂದರು. ಅಷ್ಟರಲ್ಲಿ ಟೀಚರಾಗಿದ್ದ ನಾನು ಮೂರನೆಯ ಸಾಲಿನಲ್ಲಿದ್ದೆ. ಕಿತ್ತುಹೋದ ಕೂದಲಿನ ಮಾತು ಬರಲೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ಕೂತೆ, ಅವರಿಗೆ ಅನ್ನ ಹಾಕಬಾರದೆಂದು. ಎದ್ದು ಹೇಳುವ ಧೈರ್ಯವೂ ಬರಲಿಲ್ಲ. ಎಂಬತ್ತರ ದಶಕದಲ್ಲಿ ಮೇಷ್ಟ್ರು ತೀರ್ಥಹಳ್ಳಿಗೆ ವರ್ಗವಾಗಿ ಹೋದರು. ನಿವೃತ್ತಿಗೆ ಮೊದಲೇ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಆದರೂ ನನ್ನ ಕೈಯಲ್ಲಿ ಓದಿದ, ಮಾತು ಬಾರದ ಎಷ್ಟೋ ಮಕ್ಕಳ ವಿಷಯದಲ್ಲಿ ನಾನು ಮೊದಲು ಗೆರೆ ಎಳೆದದ್ದು ಅವರ ಮೂರು ಕಾಲಮ್ಮುಗಳನ್ನೇ. ಹೀಗೆ ಹೇಳಬೇಕಾಗಿ ಬಂದದ್ದಕ್ಕೆ ಈಗಲೂ ಸಿಟ್ಟು ಬರುತ್ತದೆ.

ಮಿಲ್ಲಿನಲ್ಲಿ ಹಾಗಾಗಿ ಇಪ್ಪತ್ತಾರನೆಯ ದಿನ. ನಾಲ್ಕಾದದ್ದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ, ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಾಗಿಲಿಗೆ ಅಗುಳಿ ಹಾಕುವುದು ಮರೆತುಹೋಗಿತ್ತು. ಎಂಜಿನ್ ಶುರುವಾದ ಸದ್ದು ಕೇಳಿಸಿತು. ತಿರುಗಿದರೆ ಪುಟ್ಟಿ ಹೊಸ್ತಿಲ ಮೇಲಿದ್ದಳು. ಬೀದಿ ನೋಡಿದಳು. ಒಳಗೆ ಬಂದಳು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು, ಪಾವು ತಂದು ನನ್ನ ಕೈಯಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದೂ ಬಡಿದೂ ಕೂಗುತ್ತಿದ್ದಳು: "ಎಂತ ಆಯ್ತ್ರೋ ನಿಮ್ಗೆಲ್ಲ? ಹೊತ್ತು ನೆತ್ತಿಗೆ ಬಂತು, ಹಾಲು ಬೆಕ್ಕಿಗೆ ಹಾಕ್ಲಾ?" ನಾನು ಗಾಬರಿಯಿಂದ ಎದ್ದೆ. ಬಿಸಿಲು ನಡುಮನೆಗೆ ಬಂದಿತ್ತು. ರಾತ್ರಿ ಸರದಿಗೆ ಯಾರೂ ಎದ್ದಿರಲಿಲ್ಲ. ಅಣ್ಣನಿಗೆ ಕಚೇರಿಗೆ ಹೊತ್ತಾಗಿತ್ತು. ಅತ್ತಿಗೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಕೈ ಬರಲಿಲ್ಲ. ಪಾತ್ರೆ ತೆಗೆದುಕೊಂಡು, ಸದ್ದಾಗದಂತೆ ಅಗುಳಿ ಸರಿಸಿದೆ.